ಆಯುಧಪೂಜೆಗೆ ಮೊದಲು ಚಾಕುಗಳಿಗೆ ಸಾಣೆ ಹಿಡಿಸಿ

ಮಾನ್ಯ ಸಂಪಾದಕರೇ,

ನಮ್ಮ ನೆಂಟರಲ್ಲಿ, ಗೆಳೆಯರಲ್ಲಿ, ಆಫೀಸಿನಲ್ಲಿ ಎಲ್ಲೇ ಚಾಕುವಿನ ಮಾತು ಬಂದರೂ ನನ್ನ ಹೆಸರು ಬರುತ್ತೆ. ಹೊಸ ಚಾಕು ತಗೊಳ್ಳಬೇಕು, ಯಾವುದು ಒಳ್ಳೇದು? ಅವನನ್ನು ಕೇಳಿ. ಈಳಿಗೆಮಣೆ ಬಾಯಿ ಹೋಗಿದೆ, ಏನು ಮಾಡೋದು? ಅವನಿಗೆ ಕೊಡಿ. ಆಫೀಸಿಗೆ ಪಾರ್ಸೆಲ್ ಬಂದರೆ ಟೇಪ್ ಕತ್ತರಿಸಲು ಎಲ್ಲರೂ ನನ್ನ ಟೇಬಲ್ಲಿಗೇ ಬರುತ್ತಾರೆ. ಈ ಹೆಸರು ನನಗೆ ತುಂಬಾ ಇಷ್ಟ. ಆದರೆ ಹೊಸಬರ ಎದುರು ಯಾರಾದರೂ "ಇವರಿಗೆ ಚಾಕು ಅಂದರೆ ಪ್ರಾಣ" ಅಂದ ಕೂಡಲೇ ಅವರ ಮುಖ ಸ್ವಲ್ಪ ಬದಲಾಗುತ್ತೆ. ಮದುವೆ ಮಾತುಕತೆ ನಡೆಯುವಾಗ ಹೆಂಡತಿಯ ಕಡೆಯವರು ಈ ವಿಷಯ ಕೇಳಿ, ಹುಡುಗ ಹೇಗೆ ಅಂತ ಇನ್ನೊಂದು ಸಲ ವಿಚಾರಿಸಿದ್ದರಂತೆ. ಈಗ ನಮ್ಮ ಅತ್ತೆ ತಮ್ಮ ಈಳಿಗೆಮಣೆಯನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಕಳಿಸುತ್ತಾರೆ, ಸಾಣೆ ಹಿಡಿದು ವಾಪಸ್ ಕಳಿಸು ಅಂತ.

ಆ ಅನುಮಾನ ಎಲ್ಲಿಂದ ಬರುತ್ತೆ ಅಂತ ನನಗೆ ಗೊತ್ತು. ಪತ್ರಿಕೆಗಳಲ್ಲಿ ಚಾಕು ಅನ್ನುವ ಪದ ಕಾಣಿಸುವುದೇ 'ಚಾಕು ಇರಿತ' ಅನ್ನುವ ತಲೆಬರಹದಲ್ಲಿ. ಮಚ್ಚು ಅಂದರೆ ರೌಡಿಗಳು, ಲಾಂಗ್ ಅಂದರೆ ಪೊಲೀಸರು ವಶಪಡಿಸಿಕೊಂಡ ಸಾಲು. ಸುದ್ದಿ ಸುದ್ದಿಯೇ, ಬರೆಯಬೇಡಿ ಅಂತ ನಾನು ಹೇಳುವುದಿಲ್ಲ. ಲಾಂಗ್ ಹಿಡಿದು ರೀಲ್ಸ್ ಮಾಡುವ ಹುಡುಗರ ಮೇಲೆ ಕೇಸ್ ಹಾಕಿದರೆ ಅದು ಸರಿಯಾದ ಕೆಲಸ ಅಂತಲೇ ಅನ್ನುತ್ತೇನೆ. ಚಾಕುವನ್ನು ನಿಜವಾಗಿ ಇಷ್ಟಪಡುವ ಯಾರೂ ಅದನ್ನು ಇನ್ನೊಬ್ಬರ ಕಡೆ ತೋರಿಸುವುದಿಲ್ಲ. ಕೊಡುವಾಗ ಹಿಡಿಯ ಕಡೆಯಿಂದ ಕೊಡುತ್ತೇವೆ, ಇಲ್ಲವೇ ಕೆಳಗಿಟ್ಟು ತಗೊಳ್ಳಿ ಅನ್ನುತ್ತೇವೆ. ಕತ್ತಿಯನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳ ಬರುತ್ತೆ ಅಂತ ಹಿರಿಯರು ಹೇಳುತ್ತಿದ್ದರಲ್ಲ, ಜಗಳ ಬರುತ್ತೋ ಬಿಡುತ್ತೋ, ಬೆರಳಂತೂ ಉಳಿಯುತ್ತೆ.

ಕಾನೂನಿನಲ್ಲೂ ಈ ವ್ಯತ್ಯಾಸ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿರುವ ಚಾಕುವನ್ನು ಆಯುಧದ ಪಟ್ಟಿಗೆ ಸೇರಿಸುತ್ತವೆ. ಆದರೆ ಮನೆಗೆಲಸಕ್ಕೆ, ಬೇಸಾಯಕ್ಕೆ, ಕಾರ್ಖಾನೆ ಕೆಲಸಕ್ಕೆ ಅಂತ ಮಾಡಿದ್ದನ್ನು ಅಲ್ಲೇ ಹೊರಗಿಟ್ಟಿವೆ. ಅಂದರೆ ಎಳನೀರು ಕೆತ್ತುವವರ ಮಚ್ಚು, ರೈತನ ಕುಡುಗೋಲು, ಅಡುಗೆಮನೆಯ ದೊಡ್ಡ ಚಾಕು ಇವೆಲ್ಲ ಉಪಕರಣಗಳು. ನಮಗೆ ಇಷ್ಟವಾಗುವುದು ಈ ಉಪಕರಣಗಳೇ.

ನನಗೆ ಇದು ಹತ್ತಿದ್ದು ಸಾಗರದ ಕಡೆಯ ನಮ್ಮೂರಿನಲ್ಲಿ. ಅಡಿಕೆ ತೋಟ ಇರುವ ಮನೆಯಲ್ಲಿ ಕತ್ತಿ ಇಲ್ಲದೆ ಒಂದು ದಿನವೂ ಸಾಗುವುದಿಲ್ಲ. ಕೊನೆಗೌಡ ಮರ ಹತ್ತುವಾಗ ಸೊಂಟಕ್ಕೆ ಕತ್ತಿ, ಸೊಪ್ಪು ಕಡಿಯಲು ಬೇರೆ ಕತ್ತಿ, ಹಲಸಿನಕಾಯಿ ಹೆಚ್ಚಲು ಇನ್ನೊಂದು. ಕೊಯ್ಲಿನ ಕಾಲದಲ್ಲಿ ಸಂಜೆಯಾದರೆ ಸಾಲಾಗಿ ಮೆಟ್ಟುಗತ್ತಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿಯುವ ಕತ್ತಿ, ಹಾಕಿಕೊಂಡು ಅಡಿಕೆ ಸುಲಿಯಲು ಕೂರುತ್ತಿದ್ದರು, ಮಾತು ನಡೆದೇ ಇರುತ್ತಿತ್ತು, ಕಣ್ಣು ಅತ್ತ ಹೋದರೂ ಕೈ ತಪ್ಪುತ್ತಿರಲಿಲ್ಲ, ಸಿಪ್ಪೆ ಒಂದು ಕಡೆ ಸುಲಿದ ಅಡಿಕೆ ಒಂದು ಕಡೆ ಬೀಳುತ್ತಾ ರಾತ್ರಿ ಎಷ್ಟೊತ್ತಿನವರೆಗೋ ಕೆಲಸ ಸಾಗುತ್ತಿತ್ತು. ಅವರು ಸುಲಿಯಲು ಕೂರುವ ಮೊದಲು ಮಾಡುತ್ತಿದ್ದ ಕೆಲಸ ಅಂದರೆ ಕತ್ತಿಯ ಬಾಯಿಯನ್ನು ಹೆಬ್ಬೆರಳಲ್ಲಿ ಅಡ್ಡಡ್ಡ ಸವರಿ ನೋಡುವುದು. ಮೊಂಡಾಗಿದ್ದರೆ ಮೊದಲು ಕಲ್ಲಿಗೆ ಮಸೆದು ಆಮೇಲೆ ಕೂರುವುದು. ಈಗ ಸುಲಿಯುವ ಯಂತ್ರ ಬಂದಿದೆ, ಒಳ್ಳೇದೇ, ಕೈಗೆ ಅಷ್ಟು ಕಷ್ಟವಿಲ್ಲ. ಆದರೆ ಕೆಲಸಕ್ಕೆ ಮೊದಲು ಬಾಯಿ ನೋಡುವ ಆ ಅಭ್ಯಾಸವೂ ಅದರ ಜೊತೆ ಹೋಗಿಬಿಟ್ಟಿತು ಅನ್ನುವುದು ನನ್ನ ಬೇಸರ.

ಕೊಡಗಿಗೆ ಹೋದರೆ ಕತ್ತಿಗೆ ಸಿಗುವ ಮರ್ಯಾದೆ ಇನ್ನೂ ಕಾಣುತ್ತೆ. ಮದುವೆಯಲ್ಲಿ ಅಲ್ಲಿನ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ ಹಾಕಿದ ಗಂಡಸರ ಸೊಂಟದಲ್ಲಿ ಬೆಳ್ಳಿ ಕೆಲಸದ ಸಣ್ಣ ಪೀಚೆಕತ್ತಿ ಇರುತ್ತೆ, ಬೆನ್ನ ಹಿಂದೆ ಅಗಲವಾದ ಒಡಿಕತ್ತಿ. ನಿಲ್ಲಿಸಿದ ಬಾಳೆ ದಿಂಡುಗಳನ್ನು ಒಡಿಕತ್ತಿಯಲ್ಲಿ ಒಂದೇ ಏಟಿಗೆ ಕಡಿಯುವುದು ಅಲ್ಲಿ ಗೌರವದ ಕೆಲಸ. ಬಾಳೆ ದಿಂಡು ಮೆತ್ತಗೆ ಕಂಡರೂ ಒಳಗೆ ನಾರು, ನೀರು. ಕತ್ತಿ ಮೊಂಡಾಗಿದ್ದರೆ ಅರ್ಧದಲ್ಲೇ ನಿಲ್ಲುತ್ತೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿ, ಕತ್ತಿ ಎಲ್ಲವನ್ನೂ ತೊಳೆದು ಒರೆಸಿ ಹೂವಿಟ್ಟು ಪೂಜಿಸುತ್ತಾರೆ.

ಇನ್ನು ಉಕ್ಕಿನ ಮಾತಿಗೆ ಬಂದರೆ, ನಮ್ಮ ನೆಲಕ್ಕೆ ಎಂಥ ಹೆಸರಿತ್ತು ಅನ್ನುವುದನ್ನು ನಮ್ಮ ಮಕ್ಕಳಿಗೆ ಯಾರೂ ಹೇಳುತ್ತಿಲ್ಲ. ಟಿಪ್ಪು ಸತ್ತ ಮೇಲೆ, 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕನನ್ ಇಲ್ಲಿನ ಜನ ಕಬ್ಬಿಣ ಕರಗಿಸುವುದನ್ನೂ ಉಕ್ಕು ಮಾಡುವುದನ್ನೂ ಕೂತು ನೋಡಿ ಬರೆದಿಟ್ಟಿದ್ದಾನೆ. ಸಣ್ಣ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ತುಂಡು, ಜೊತೆಗೆ ತಂಗಡಿ ಕಟ್ಟಿಗೆ, ಮೇಲೆ ಹಸಿ ಎಲೆ, ಬಾಯಿಗೆ ಮಣ್ಣು ಮೆತ್ತಿ ಕುಲುಮೆಯಲ್ಲಿಟ್ಟು ತಿದಿ ಒತ್ತುವುದು. ಕಟ್ಟಿಗೆಯಲ್ಲಿರುವ ಇಂಗಾಲ ಕಬ್ಬಿಣಕ್ಕೆ ಸೇರಿ ಉಕ್ಕಾಗುತ್ತೆ. ಈ ಬಗೆಯ ಉಕ್ಕಿನ ಗುಟ್ಟೇನು ಅಂತ ತಿಳಿಯಲು ಲಂಡನ್ನಿನಲ್ಲಿ ಮೈಕೆಲ್ ಫ್ಯಾರಡೆ, ಅವನೂ ಕಮ್ಮಾರನ ಮಗನೇ, ಜೇಮ್ಸ್ ಸ್ಟೋಡಾರ್ಟ್ ಅನ್ನುವ ಚಾಕು ತಯಾರಕನ ಜೊತೆ ಸೇರಿ 1820ರ ಆಸುಪಾಸಿನಲ್ಲಿ ಪ್ರಯೋಗ ಮಾಡಿದ. ವಿದ್ಯುತ್ತಿನ ಪಾಠದಲ್ಲಿ ಫ್ಯಾರಡೆ ಹೆಸರು ಬರುತ್ತೆ ಅಲ್ವಾ, ಅಲ್ಲೇ ಇದನ್ನೂ ಒಂದು ಸಾಲು ಸೇರಿಸಿದರೆ ಹುಡುಗರಿಗೆ ಎಷ್ಟು ಹೆಮ್ಮೆ ಆಗುತ್ತೆ.

ಇಂಥ ನಾಡಿನ ಅಡುಗೆಮನೆಗಳಲ್ಲಿ ಇವತ್ತು ಇರುವ ಚಾಕುಗಳನ್ನು ನೋಡಿದರೆ ಸಂಕಟವಾಗುತ್ತೆ. ನನ್ನ ಹತ್ತಿರ ಬರುವ ಬಹಳಷ್ಟು ಚಾಕುಗಳು ಟೊಮೆಟೊ ಸಿಪ್ಪೆ ದಾಟುವುದಿಲ್ಲ, ಒತ್ತಿದರೆ ಜಜ್ಜುತ್ತವೆ. ಮನೆಯ ಹೆಂಗಸರು ಅದೇ ಚಾಕುವಿನಲ್ಲಿ ದಿನಾ ಹುರುಳಿಕಾಯಿ, ಕ್ಯಾರೆಟ್, ಸುವರ್ಣಗೆಡ್ಡೆ ಹೆಚ್ಚುತ್ತಾರೆ, ಮಣಿಕಟ್ಟು ನೋವು ಅಂತ ಎಣ್ಣೆ ಹಚ್ಚಿಕೊಳ್ಳುತ್ತಾರೆ. ಚಾಕು ಹರಿತ ಮಾಡಿಕೊಡಲೇ ಅಂದರೆ ಮನೆಯ ಗಂಡಸರೇ ಅಡ್ಡ ಬರುತ್ತಾರೆ. ಬೇಡ, ಬೆರಳು ಕೊಯ್ದುಕೊಳ್ಳುತ್ತಾರೆ ಅಂತ. ಇದು ತಿರುಗುಮುರುಗು. ಮೊಂಡು ಚಾಕುವೇ ಅಪಾಯ. ಬಲ ಹಾಕಿ ಒತ್ತಬೇಕಾಗುತ್ತೆ, ಬಲ ಹಾಕಿದಾಗ ಈರುಳ್ಳಿಯ ಮೇಲಿಂದ ಜಾರುತ್ತೆ, ಜಾರಿದ ಚಾಕು ಅಷ್ಟೇ ಬಲದಿಂದ ಬೆರಳಿಗೆ ಬರುತ್ತೆ. ಹರಿತವಾದದ್ದು ಇಟ್ಟ ಕಡೆ ಕಚ್ಚಿಕೊಂಡು ಇಳಿಯುತ್ತೆ. ಈರುಳ್ಳಿ ಹೆಚ್ಚುವಾಗ ಕಣ್ಣೀರು ಕೂಡ ಕಮ್ಮಿ, ಯಾಕೆಂದರೆ ಜಜ್ಜಿದಷ್ಟೂ ಅದರ ಘಾಟು ಜಾಸ್ತಿ ಹೊರಗೆ ಬರುತ್ತೆ.

ಚಾಕು ಇಷ್ಟು ಬೇಗ ಮೊಂಡಾಗುವುದಕ್ಕೆ ಕಾರಣವೂ ನಮ್ಮ ಅಡುಗೆಮನೆಯಲ್ಲೇ ಇದೆ. ಗ್ರಾನೈಟ್ ಕಟ್ಟೆಯ ಮೇಲೆ ನೇರವಾಗಿ ಹೆಚ್ಚುವುದು, ಸ್ಟೀಲ್ ತಟ್ಟೆಯೊಳಗೆ ಹಣ್ಣು ಕೊಯ್ಯುವುದು, ಊಟದ ಪಾತ್ರೆಗಳ ಜೊತೆ ಸಿಂಕಿಗೆ ಎಸೆಯುವುದು. ಕಲ್ಲು, ಗಾಜು, ಸ್ಟೀಲು ತಗುಲಿದರೆ ತೆಳ್ಳಗಿನ ಅಂಚು ಮಡಚಿಕೊಳ್ಳುತ್ತೆ. ಒಂದು ಮರದ ಮಣೆ ಇಟ್ಟುಕೊಂಡರೆ ಅರ್ಧ ಸಮಸ್ಯೆ ಮುಗಿಯಿತು. ನಮ್ಮೂರ ಕಮ್ಮಾರರು ಲಾರಿಯ ಕಮಾನು ಪಟ್ಟಿಯಿಂದ ಬಡಿದುಕೊಟ್ಟ ಕತ್ತಿಗಳು ಇನ್ನೂ ಚೆನ್ನಾಗಿ ಹರಿತ ಹಿಡಿಯುತ್ತವೆ, ಸ್ಟೇನ್‌ಲೆಸ್ ಅಲ್ಲ ಅಂತ ಬಿಸಾಡಬೇಡಿ. ಹುಳಿ ತಾಗಿದರೆ ಕಪ್ಪಾಗುತ್ತವೆ, ಅಷ್ಟೇ. ತೊಳೆದು ಒರೆಸಿ ಒಂದು ಹನಿ ಕೊಬ್ಬರಿ ಎಣ್ಣೆ ಸವರಿಟ್ಟರೆ ತುಕ್ಕು ಬರುವುದಿಲ್ಲ. ಹಲಸಿನ ಮೇಣಕ್ಕೂ ಅದೇ ಎಣ್ಣೆ.

ಸಾಣೆ ಹಿಡಿಯುವುದನ್ನು ಕಲಿಯುವುದು ಕಷ್ಟವಲ್ಲ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನೀರಿನಲ್ಲಿ ನೆನೆಸುವ 1000 ನಂಬರಿನ (ನಂಬರು ಕಲ್ಲಿನ ನಯದ ಅಳತೆ) ಸಾಣೆಕಲ್ಲು ಒಂದಿದ್ದರೆ ಮನೆಗೆ ಸಾಕು. ಕಲ್ಲನ್ನು ಒದ್ದೆ ಬಟ್ಟೆಯ ಮೇಲೆ ಜಾರದಂತೆ ಇಡಿ. ಚಾಕುವಿನ ಬೆನ್ನನ್ನು ಸ್ವಲ್ಪ ಎತ್ತಿ ಹಿಡಿಯಿರಿ, ಸುಮಾರು 15ರಿಂದ 20 ಡಿಗ್ರಿ. ಒಂದೇ ಸಮನೆ ಎಳೆಯಿರಿ, ಹೆಚ್ಚು ಒತ್ತಬೇಡಿ. ಇನ್ನೊಂದು ಬದಿಯಲ್ಲಿ ಬೆರಳಿಗೆ ತಂತಿಯಂಥ ಸಣ್ಣ ಗರಗರ ಸಿಕ್ಕಿದರೆ ಆ ಕಡೆ ಮುಗಿಯಿತು, ತಿರುಗಿಸಿ. ಕೊನೆಗೆ ಎರಡೂ ಬದಿ ಹಗುರವಾಗಿ ಎಳೆದು ಆ ತಂತಿಯನ್ನು ಕಳೆಯಬೇಕು, ಇದನ್ನು ಬಿಟ್ಟರೆ ಮಾರನೇ ದಿನವೇ ಮತ್ತೆ ಮೊಂಡು. ಪೇಪರ್ ಹಿಡಿದು ಕೊಯ್ದು ನೋಡಿ. ಸದ್ದಿಲ್ಲದೆ ಸೀಳಿಕೊಂಡು ಹೋದರೆ ಆಯಿತು. ನನ್ನ ತಂಗಿಯ ಮಗಳು ಕಾಲೇಜು ಹುಡುಗಿ, ರಜೆಯಲ್ಲಿ ಬಂದು ಪಕ್ಕದಲ್ಲಿ ಕೂತು ಕಲಿತಳು, ಈಗ ಅವಳ ಪಿಜಿಯಲ್ಲಿ ಎಲ್ಲರ ಚಾಕು ಅವಳದೇ ಜವಾಬ್ದಾರಿ. ನನಗಾದ ಖುಷಿ ಹೇಳಲಾರೆ.

ಕಲಿಯಲು ಆಗದವರು ಸಾಣೆಯವರ ಹತ್ತಿರ ಮಾಡಿಸಿ. ಇಲ್ಲೇ ನನಗೆ ನಿಜವಾದ ಆತಂಕ ಇರುವುದು. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು "ಸಾಣೇ... ಚಾಕು, ಕತ್ತರಿ" ಅಂತ ಕೂಗುತ್ತಾ ಬೀದಿಗೆ ಬರುತ್ತಿದ್ದವರು ಈಗ ಅಪರೂಪ. ಅಪಾರ್ಟ್‌ಮೆಂಟ್ ಗೇಟಿನಲ್ಲಿ ಸೆಕ್ಯುರಿಟಿಯವರು ಒಳಗೆ ಬಿಡುವುದಿಲ್ಲ, ಅವರ ಕೂಗು ಐದನೇ ಮಹಡಿಗೆ ಕೇಳುವುದಿಲ್ಲ. ಹಳ್ಳಿಯ ಕುಲುಮೆಗಳೂ ಒಂದೊಂದಾಗಿ ಮುಚ್ಚುತ್ತಿವೆ. ಕೆಂಪಗೆ ಕಾದ ಕಬ್ಬಿಣದ ಬಣ್ಣ ನೋಡಿಯೇ ಯಾವಾಗ ನೀರಿಗೆ ಅದ್ದಬೇಕು ಅಂತ ತಿಳಿಯುವ ಕಣ್ಣು ಒಂದು ತಲೆಮಾರು ತಪ್ಪಿದರೆ ಮತ್ತೆ ಬರುವುದಿಲ್ಲ. ಸಾಣೆಯವರಲ್ಲೂ ಒಂದು ಮನವಿ ಇದೆ. ಒಣ ಚಕ್ರಕ್ಕೆ ಹಿಡಿದು ಕಿಡಿ ಹಾರಿಸುವಾಗ ಅಂಚು ನೀಲಿ ಬಣ್ಣಕ್ಕೆ ತಿರುಗುವಷ್ಟು ಕಾಯಿಸಬೇಡಿ, ಉಕ್ಕಿನ ಹದವೇ ಹೋಗುತ್ತೆ. ಆಗಾಗ ನೀರಿಗದ್ದಿ. ಗ್ರಾಹಕರು ನಿಂತು ಇದನ್ನು ಕೇಳಬೇಕು, ಮಾಡಿದವರಿಗೆ ನಾಲ್ಕು ಕಾಸು ಜಾಸ್ತಿಯೇ ಕೊಡಬೇಕು.

ಹಾಗಾಗಿ ನನ್ನ ಸಲಹೆ ಇಷ್ಟು. ಆಯುಧಪೂಜೆಯ ದಿನ ಚಾಕುಗಳನ್ನು ತೊಳೆದು ಕುಂಕುಮವಿಟ್ಟು ಪೂಜೆಗಿಡುತ್ತೇವೆ. ಅದಕ್ಕೆ ಮೊದಲಿನ ಭಾನುವಾರ ಪ್ರತಿ ಬಡಾವಣೆಯ ಸಂಘ, ಪ್ರತಿ ಅಪಾರ್ಟ್‌ಮೆಂಟಿನವರು ಒಬ್ಬ ಸಾಣೆಯವರನ್ನು ಕರೆಸಿ ನೆರಳಿನಲ್ಲಿ ಕೂರಿಸಲಿ, ಕುಡಿಯಲು ನೀರು, ಕರೆಂಟಿನ ಪ್ಲಗ್ ಕೊಡಲಿ. ಮನೆಯವರು ಚಾಕು, ಕತ್ತರಿ, ಈಳಿಗೆಮಣೆ ಎಲ್ಲವನ್ನೂ ದಪ್ಪ ಪೇಪರಿನಲ್ಲಿ ಸುತ್ತಿ ತರಲಿ, ಮಕ್ಕಳ ಕೈಯಲ್ಲಿ ಕಳಿಸಬೇಡಿ. ಹೊಟ್ಟೆಪಾಡಿಗೆ ಬೀದಿ ಬೀದಿ ಅಲೆಯುವವರಿಗೆ ಒಂದೇ ಜಾಗದಲ್ಲಿ ದಿನದ ಕೆಲಸ ಸಿಗುತ್ತೆ. ನಮ್ಮ ಬಡಾವಣೆಯಲ್ಲಿ ಈ ಮಾತು ಎತ್ತಿದ್ದೇನೆ, ಒಪ್ಪಿದ್ದಾರೆ, ಸಾಣೆಯವರ ಪಕ್ಕದಲ್ಲಿ ಕಲ್ಲು ಹಾಕಿಕೊಂಡು ನಾನೂ ಕೂರುತ್ತೇನೆ, ಕಲಿಯಬೇಕು ಅನ್ನುವವರಿಗೆ ಹೇಳಿಕೊಡುತ್ತೇನೆ.

ಸಂಪಾದಕರೇ, ನಿಮ್ಮಿಂದ ಒಂದು ಉಪಕಾರ ಆಗಬೇಕು. ನಿಮ್ಮ ಜಿಲ್ಲಾ ಪುಟಗಳಲ್ಲಿ ಪ್ರತಿ ತಾಲ್ಲೂಕಿನಲ್ಲಿ ಇನ್ನೂ ಕುಲುಮೆ ನಡೆಸುತ್ತಿರುವ ಕಮ್ಮಾರರು, ಸಾಣೆ ಹಿಡಿಯುವವರು ಎಲ್ಲಿ ಸಿಗುತ್ತಾರೆ ಅನ್ನುವುದನ್ನು ಅವರ ಒಪ್ಪಿಗೆ ಪಡೆದು ದಸರಾಕ್ಕೆ ಮೊದಲು ಪ್ರಕಟಿಸಿ. ಸಂತೆ ಯಾವ ದಿನ, ಯಾವ ರಸ್ತೆ, ಏನೇನು ಮಾಡಿಕೊಡುತ್ತಾರೆ, ಇಷ್ಟು ಸಾಕು. ನಿಮ್ಮ ವರದಿಗಾರರಿಗೆ ಇದು ಒಂದು ಮಧ್ಯಾಹ್ನದ ಕೆಲಸ, ಆ ಪುಟವನ್ನು ಕತ್ತರಿಸಿ ಅಡುಗೆಮನೆ ಬಾಗಿಲಿಗೆ ಅಂಟಿಸಿಕೊಳ್ಳುವವರು ಬೇಕಾದಷ್ಟು ಜನ ಇದ್ದಾರೆ.

ಇಂತಿ,
ನಿಮ್ಮ ಖಾಯಂ ಓದುಗ,
ಬೆಂಗಳೂರು