ಮಂತ್ರಿಯ ಮೇಜಿಗೆ ಹೋಗುವ ಒಂದು ಹಾಳೆ

ಮೈಸೂರು

ಚಿ॥ ಮೇಘನಾಗೆ ಆಶೀರ್ವಾದಗಳು.

ನಿನ್ನ ಮೊದಲ ಪೋಸ್ಟಿಂಗೇ ಹಣಕಾಸು ಸಚಿವಾಲಯದಲ್ಲಿ, ಅದೂ ವಿದೇಶಿ ವಿನಿಮಯ ನೋಡುವ ಕಡೆ ಆಗಿದೆ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. ಹೊರಗೆ ಯುದ್ಧದ ಮಾತು ಎದ್ದಾಗ ಹಣಕಾಸು ಮಂತ್ರಿಗೆ ಏನು ಬರೆದುಕೊಡಬೇಕು ಎಂದು ನೀನು ಕೇಳಿದ್ದೀಯ. ಪುಸ್ತಕದ ಸೂತ್ರ ಕೊಡುವ ಬದಲು ಒಂದು ಪ್ರಕರಣ ಕೊಡುತ್ತೇನೆ. 1956ರ ಸೂಯೆಜ್ ಕಾಲುವೆ ಯುದ್ಧ. ಅದನ್ನು ಎಲ್ಲರೂ ಬ್ರಿಟನ್ನಿನ ಪ್ರಧಾನಿ ಈಡನ್ ಮತ್ತು ಈಜಿಪ್ಟಿನ ಅಧ್ಯಕ್ಷ ನಾಸರ್ ಕಥೆ ಎಂದು ಓದುತ್ತಾರೆ. ನೀನು ಬ್ರಿಟನ್ನಿನ ಹಣಕಾಸು ಮಂತ್ರಿ ಹೆರಾಲ್ಡ್ ಮ್ಯಾಕ್‌ಮಿಲನ್ನನ ಕುರ್ಚಿಯ ಹಿಂದೆ ನಿಂತು ಓದು.

ಜುಲೈ 26ರಂದು ನಾಸರ್ ಬ್ರಿಟನ್, ಫ್ರಾನ್ಸ್ ಹಿಡಿತದಲ್ಲಿದ್ದ ಕಾಲುವೆ ಕಂಪನಿಯನ್ನು ರಾಷ್ಟ್ರೀಕರಣ ಮಾಡಿದರು. ಸಂಪುಟದಲ್ಲಿ ದಂಡೆತ್ತಿ ಹೋಗಬೇಕು ಎಂದು ಗಟ್ಟಿಯಾಗಿ ಹೇಳಿದವರಲ್ಲಿ ಮ್ಯಾಕ್‌ಮಿಲನ್ ಮುಂದಿದ್ದರು. ಆತ ಹಣಕಾಸಿಗೆ ಬರುವ ಮುನ್ನ ವಿದೇಶಾಂಗ ಮಂತ್ರಿ, ಮನಸ್ಸು ಇನ್ನೂ ಅಲ್ಲೇ ಇತ್ತು. ಮೊದಲ ತಪ್ಪು ಅಲ್ಲೇ ಆಯಿತು ಅನ್ನುತ್ತೇನೆ. ಸಂಪುಟದಲ್ಲಿ ಯುದ್ಧ ಬೇಕು ಎನ್ನುವವರಿಗೆ ಬರವಿಲ್ಲ, ದುಡ್ಡು ಎಷ್ಟು ದಿನ ಬರುತ್ತದೆ ಎಂದು ಹೇಳಬೇಕಾದವನು ಮಾತ್ರ ಒಬ್ಬನೇ. ಅವನೂ ರಣಕಹಳೆ ಊದಲು ಹೋದರೆ ಆ ಕುರ್ಚಿ ಖಾಲಿ ಇದ್ದ ಹಾಗೇ ಲೆಕ್ಕ.

ಅಧಿಕಾರಿಗಳು ಸುಮ್ಮನಿರಲಿಲ್ಲ. ಖಜಾನೆಯ ಹಿರಿಯ ಕಾರ್ಯದರ್ಶಿ ಎಡ್ವರ್ಡ್ ಬ್ರಿಜಸ್ ಸೆಪ್ಟೆಂಬರ್ 7ರಂದೇ ಟಿಪ್ಪಣಿ ಮಂಡಿಸಿದರು: ನಮ್ಮ ನಾಣ್ಯ ಉಳಿಯಬೇಕಾದರೆ ಒಂಟಿಯಾಗಿ ಹೋಗಬಾರದು, ಅಮೆರಿಕದ ಬೆಂಬಲ ಇರಲೇಬೇಕು ಎಂಬುದು ಅದರ ತಿರುಳು. ಮಂತ್ರಿ ಓದಿದರು, ಹೌದು, ತೊಂದರೆ ಇರುವುದೇ ಅಲ್ಲಿ, ಅಮೆರಿಕದವರು ಸತಾಯಿಸುತ್ತಿದ್ದಾರೆ ಎಂಬರ್ಥದ ಷರಾ ಬರೆದರು. ಎಚ್ಚರಿಕೆ ಕಡತದಲ್ಲಿ ಸೇರಿತು, ಎಚ್ಚರಿಕೆಯ ಜೊತೆ ಆಗಬೇಕಿದ್ದ ಕೆಲಸ ಆಗಲಿಲ್ಲ. ನೀನು ಬರೆಯುವ ಟಿಪ್ಪಣಿಯ ಕೊನೆಯ ಪ್ಯಾರಾಕ್ಕೆ ಮಂತ್ರಿ ಬರೀ "ನೋಡಿದೆ" ಎಂದು ಸಹಿ ಹಾಕುವಂತಿದ್ದರೆ ಅದು ಅರ್ಧ ಟಿಪ್ಪಣಿ. ಇಂಥ ತಾರೀಖಿನೊಳಗೆ ಇಂಥ ಕಡೆ ಅರ್ಜಿ ಹೋಗಬೇಕು, ಒಪ್ಪಿಗೆ ಇದೆಯೇ ಇಲ್ಲವೇ ಎಂದು ಕೇಳು. ಇಲ್ಲ ಎಂದು ಬರೆಯಲು ಯಾವ ಮಂತ್ರಿಯ ಪೆನ್ನೂ ಒಂದು ಗಳಿಗೆ ತಡೆಯುತ್ತದೆ.

ಆ ಕೆಲಸ ಯಾವುದಿತ್ತು ಎಂದು ಕೇಳಿದರೆ, ಐಎಂಎಫ್, ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯಲ್ಲಿ ಸಾಲ ಕೇಳುವುದು. ಅಲ್ಲಿ ಬ್ರಿಟನ್ನಿನ ಕೋಟಾ 130 ಕೋಟಿ ಡಾಲರ್. ಅದರ ಮೊದಲ ಭಾಗ ಹೆಚ್ಚು ಪ್ರಶ್ನೆಗಳಿಲ್ಲದೆ ಸಿಗುವಂಥದ್ದು, ಆದರೆ ಶಾಂತಿ ಇರುವಾಗ ಕೇಳಿದರೆ ಮಾತ್ರ. ಫ್ರಾನ್ಸ್ ಇದನ್ನು ಅರ್ಥ ಮಾಡಿಕೊಂಡು ಅಕ್ಟೋಬರ್‌ನಲ್ಲಿ, ಗುಂಡು ಹಾರುವ ಮೊದಲೇ, 26.25 ಕೋಟಿ ಡಾಲರಿನ ಸ್ಟ್ಯಾಂಡ್‌ಬೈ, ಅಂದರೆ ಬೇಕಾದಾಗ ತೆಗೆದುಕೊಳ್ಳಬಹುದಾದ ಸಾಲದ ಒಪ್ಪಿಗೆ, ಮಾಡಿಸಿಕೊಂಡಿತು. ಯುದ್ಧದಲ್ಲಿ ಇಬ್ಬರೂ ಜೊತೆಗಾರರು, ಒಬ್ಬರ ಜೇಬಿನಲ್ಲಿ ಮಾತ್ರ ದುಡ್ಡು. ಮ್ಯಾಕ್‌ಮಿಲನ್ ಸೆಪ್ಟೆಂಬರ್ ಕೊನೆಯಲ್ಲಿ ಐಎಂಎಫ್ ವಾರ್ಷಿಕ ಸಭೆಗೆಂದೇ ವಾಷಿಂಗ್ಟನ್ನಿಗೆ ಹೋಗಿದ್ದರು. ಬಾಗಿಲ ಮುಂದೆ ನಿಂತು ಕದ ತಟ್ಟದೆ ವಾಪಸ್ ಬಂದರು. ಸಾಲ ಕೇಳಿದರೆ ಪೌಂಡ್ ಸೊರಗಿದೆ ಎಂದು ಪೇಟೆ ತಿಳಿಯುತ್ತದೆ ಎಂಬ ಅಂಜಿಕೆ ಇಂಥ ಹೊತ್ತಿನಲ್ಲಿ ಯಾವ ಖಜಾನೆಗೂ ಸಹಜ. ಆ ಅಂಜಿಕೆಯ ಮಾತು ನಿನ್ನ ಕಿವಿಗೂ ಬೀಳುತ್ತದೆ. ಆಗ ಎರಡು ದಿನಗಳ ಬೆಲೆ ಪಕ್ಕಪಕ್ಕ ಬರೆದು ತೋರಿಸು: ಈ ವಾರ ಕೇಳಿದರೆ ಪೇಟೆಯಲ್ಲಿ ಏನಾಗಬಹುದು, ಎಂಟು ವಾರದ ಮೇಲೆ ಕೇಳಿದರೆ ಕೊಡುವವರು ಏನು ಷರತ್ತು ಹಾಕಬಹುದು.

ಅದೇ ಪ್ರಯಾಣದಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಭೇಟಿಯೂ ಆಯಿತು. ಮಾತುಕತೆಯಲ್ಲಿ ಸೂಯೆಜ್ ಬಹುಪಾಲು ಬರಲೇ ಇಲ್ಲ, ಜೊತೆಯಲ್ಲಿದ್ದ ಬ್ರಿಟಿಷ್ ರಾಯಭಾರಿ ರೋಜರ್ ಮೇಕಿನ್ಸ್‌ಗೆ ಅದೇ ಆಶ್ಚರ್ಯ. ಮ್ಯಾಕ್‌ಮಿಲನ್ ಮಾತ್ರ ಐಸೆನ್‌ಹೋವರ್ ಸುಮ್ಮನಿರುತ್ತಾರೆ ಎಂಬ ನಂಬಿಕೆ ಹೊತ್ತು ಲಂಡನ್ನಿಗೆ ಮರಳಿದರು. ನವೆಂಬರ್ 6ರ ಅಮೆರಿಕದ ಅಧ್ಯಕ್ಷ ಚುನಾವಣೆ ಮುಗಿಯುವ ತನಕ ತಡೆಯಿರಿ ಎಂಬ ಸುಳಿವನ್ನು ಅಲ್ಲಿನ ವಿದೇಶಾಂಗ ಮಂತ್ರಿ ಡಲೆಸ್ ಕೊಟ್ಟಿದ್ದರೂ ಅದರ ತೂಕ ಯಾರೂ ಅಳೆಯಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಉತ್ತರ ಆಫ್ರಿಕದಲ್ಲಿ ಮ್ಯಾಕ್‌ಮಿಲನ್, ಐಸೆನ್‌ಹೋವರ್ ಇಬ್ಬರೂ ಒಟ್ಟಿಗೆ ದುಡಿದವರು ನೋಡು, ಹಳೆಯ ಸ್ನೇಹವನ್ನೇ ಗ್ಯಾರಂಟಿ ಪತ್ರ ಎಂದುಕೊಂಡಂತೆ ಕಾಣುತ್ತದೆ. ನಿನ್ನ ಹಾಳೆಯಲ್ಲಿ "ಬೆಂಬಲ ಸಿಗುವ ನಿರೀಕ್ಷೆ ಇದೆ" ಎಂಬ ಸಾಲು ಬರಲೇಬಾರದು. ಯಾರು ಹೇಳಿದರು, ಯಾವತ್ತು, ಬರವಣಿಗೆಯಲ್ಲೋ ಬಾಯಲ್ಲೋ, ಎಷ್ಟು ಮೊತ್ತ. ಈ ನಾಲ್ಕಕ್ಕೂ ಉತ್ತರ ಇಲ್ಲದಿದ್ದರೆ ಆ ಬೆಂಬಲವನ್ನು ಸೊನ್ನೆ ಎಂದೇ ಹಿಡಿ.

ಈಗ ದುಡ್ಡು ಹೇಗೆ ಸೋರಿತು ನೋಡು, ಎಲ್ಲರೂ ಹಾರಿಸಿಬಿಡುವ ಭಾಗ ಇದು. ಆಗ ಪೌಂಡಿಗೆ 2.80 ಡಾಲರ್ ಎಂದು ಕಟ್ಟಿದ ದರ. ಪೇಟೆಯಲ್ಲಿ 2.78ಕ್ಕೆ ಇಳಿದರೆ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ಡಾಲರ್ ಕೊಟ್ಟು ಪೌಂಡ್ ಕೊಳ್ಳಲೇಬೇಕು. ಸೋರಿಕೆ ಎಂದರೆ ಸಟ್ಟಾ ಆಡುವವರ ಕೆಲಸ ಎಂದು ಪತ್ರಿಕೆಗಳು ಬರೆಯುತ್ತವೆ, ಆದರೆ ದೊಡ್ಡ ತೂತು ಸಾಮಾನ್ಯ ವ್ಯಾಪಾರದಲ್ಲೇ ಇರುತ್ತದೆ. ಲಿವರ್‌ಪೂಲಿನ ಹತ್ತಿ ವ್ಯಾಪಾರಿ ಅಮೆರಿಕಕ್ಕೆ ಜನವರಿಯಲ್ಲಿ ಕೊಡಬೇಕಾದ ಡಾಲರನ್ನು ನವೆಂಬರಿನಲ್ಲೇ ಕೊಂಡುಬಿಡುತ್ತಾನೆ, ನಾಳೆ ಪೌಂಡ್ ಬಿದ್ದರೆ ಅವನ ಲಾಭ ಮುಳುಗುತ್ತದೆ. ಸ್ಕಾಚ್ ವಿಸ್ಕಿ ತರಿಸಿಕೊಂಡ ನ್ಯೂಯಾರ್ಕಿನವನು ಪೌಂಡಿನಲ್ಲಿ ಕೊಡಬೇಕಾದ ಬಾಕಿಯನ್ನು ಮುಂದಕ್ಕೆ ತಳ್ಳುತ್ತಾನೆ, ಪೌಂಡ್ ಇಳಿದ ಮೇಲೆ ಕೊಟ್ಟರೆ ಅವನಿಗೆ ಅಗ್ಗ. ಇಬ್ಬರೂ ಕಾನೂನು ಮುರಿದಿಲ್ಲ. ಲೆಕ್ಕ ಸುಲಭ: ಒಂದು ದೇಶದ ಆಮದು ತಿಂಗಳಿಗೆ 400 ಕೋಟಿ, ರಫ್ತೂ 400 ಕೋಟಿ ಎಂದುಕೊ. ಕೊಡುವುದು ಒಂದು ವಾರ ಮುಂಚೆ ಆಯಿತು, ಬರುವುದು ಒಂದು ವಾರ ತಡವಾಯಿತು ಎಂದರೆ ಸುಮಾರು 200 ಕೋಟಿ ಕಾಣೆ, ಒಬ್ಬ ಸಟ್ಟಾಗಾರನೂ ಇಲ್ಲದೆ. ಮಂತ್ರಿಗಳಿಗೆ ಈ ಲೆಕ್ಕ ಕಾಗದದ ಮೇಲೆ ತೋರಿಸದಿದ್ದರೆ ಯಾರನ್ನು ಬಂಧಿಸೋಣ ಎಂದೇ ಕೇಳುತ್ತಾರೆ.

ಇನ್ನೊಂದು ದೌರ್ಬಲ್ಯವೂ ಇತ್ತು. ಬ್ರಿಟನ್ನಿನ ಚಿನ್ನ, ಡಾಲರ್ ಮೀಸಲು ಇನ್ನೂರು ಕೋಟಿ ಡಾಲರಿಗಿಂತ ಕೆಳಗೆ ಹೋದರೆ ಪೌಂಡ್ ಕಥೆ ಮುಗಿಯಿತು ಎಂಬ ಲಕ್ಷ್ಮಣರೇಖೆ ಎಲ್ಲರ ಬಾಯಲ್ಲೂ ಓಡಾಡುತ್ತಿತ್ತು. ಗೆರೆ ಎಲ್ಲಿದೆ ಎಂದು ಪೇಟೆಗೆ ಗೊತ್ತಾದರೆ ಅದು ನಿನ್ನನ್ನು ಕಾಯುವುದಿಲ್ಲ, ಎಲ್ಲಿ ತನಕ ತಳ್ಳಬೇಕು ಎಂದು ಅವರಿಗೆ ದಾರಿ ತೋರಿಸುತ್ತದೆ. ಅಕ್ಟೋಬರಿನಲ್ಲಿ ಹೋದದ್ದು 8.4 ಕೋಟಿ ಡಾಲರ್. ತಿಂಗಳ ಕೊನೆಗೆ ಉಳಿದದ್ದು 224.4 ಕೋಟಿ. ಅದರಲ್ಲೂ ಟ್ರಿನಿಡಾಡ್ ತೈಲ ಕಂಪನಿಯನ್ನು ಅಮೆರಿಕದವರಿಗೆ ಮಾರಿ ಬಂದ ಸುಮಾರು 17.7 ಕೋಟಿ ಸೇರಿತ್ತು. ಹೊಲ ಮಾರಿ ಬಂದ ದುಡ್ಡನ್ನು ಬೆಳೆಯ ದುಡ್ಡಿನ ಜೊತೆ ಕೂಡಿಸಿದ ಹಾಗೆ. ಒಮ್ಮೆ ಮಾತ್ರ ಬರುವ ಹಣವನ್ನು ಯಾವಾಗಲೂ ಪ್ರತ್ಯೇಕ ಕಾಲಂನಲ್ಲಿ ತೋರಿಸು.

ಅಕ್ಟೋಬರ್ 29ಕ್ಕೆ ಇಸ್ರೇಲ್ ಸಿನಾಯ್‌ಗೆ ನುಗ್ಗಿತು, 31ಕ್ಕೆ ಬ್ರಿಟಿಷ್ ವಿಮಾನಗಳು ಈಜಿಪ್ಟ್ ಮೇಲೆ ಬಾಂಬ್ ಹಾಕಿದವು. ಮರುದಿನ ನವೆಂಬರ್ 1, ಇಲ್ಲಿ ನಾವು ಹೊಸ ಮೈಸೂರು ರಾಜ್ಯದ ಸಂಭ್ರಮದಲ್ಲಿದ್ದ ದಿನ. ನಮಗೂ ಈ ವ್ಯವಹಾರಕ್ಕೂ ಏನು ಸಂಬಂಧ ಅನ್ನಬೇಡ. ಭಾರತದ ವಿದೇಶಿ ಮೀಸಲು ಹೆಚ್ಚಾಗಿ ಪೌಂಡಿನಲ್ಲೇ ಲಂಡನ್ನಿನಲ್ಲಿತ್ತು. ಪೌಂಡ್ ಬಿದ್ದಿದ್ದರೆ ಎರಡನೇ ಪಂಚವಾರ್ಷಿಕ ಯೋಜನೆಯ ಯಂತ್ರಗಳಿಗೆಂದು ಇಟ್ಟ ಹಣ ಕೂತಲ್ಲೇ ಕರಗುತ್ತಿತ್ತು.

ಮುಂದೆ ನಡೆದದ್ದು ಬೇಗ ನಡೆಯಿತು. ಈಜಿಪ್ಟ್ ಹಡಗುಗಳನ್ನು ಮುಳುಗಿಸಿ ಕಾಲುವೆಯನ್ನೇ ಮುಚ್ಚಿತು. ಯಾವುದನ್ನು ತೆರೆದಿಡಲು ಹೋದರೋ ಅದೇ ಮುಚ್ಚಿಹೋಯಿತು. ಸಿರಿಯಾದಲ್ಲಿ ತೈಲ ಕೊಳವೆಯ ಪಂಪಿಂಗ್ ಠಾಣೆಗಳನ್ನು ಸ್ಫೋಟಿಸಿದರು. ಇದು ಬರೀ ಪೆಟ್ರೋಲ್ ಸುದ್ದಿಯಲ್ಲ, ಮೀಸಲಿನ ಸುದ್ದಿ. ಪೌಂಡ್ ಕೊಟ್ಟರೆ ಸಿಗುತ್ತಿದ್ದ ಮಧ್ಯಪ್ರಾಚ್ಯದ ಎಣ್ಣೆ ನಿಂತರೆ ಡಾಲರ್ ಕೊಟ್ಟು ಅಮೆರಿಕ ಖಂಡದಿಂದ ತರಬೇಕು. ಡಿಸೆಂಬರ್ 17ರಿಂದ ಬ್ರಿಟನ್ನಿನಲ್ಲಿ ಪೆಟ್ರೋಲ್ ಪಡಿತರ ಬಂತು, ಮೇ ತಿಂಗಳವರೆಗೂ ನಡೆಯಿತು.

ನವೆಂಬರ್ 6ರ ಬೆಳಗಿನ ಸಂಪುಟ ಸಭೆ. ನಿನ್ನ ವೃತ್ತಿಗೆ ಇಡೀ ಪ್ರಕರಣದಲ್ಲಿ ಇದಕ್ಕಿಂತ ಮುಖ್ಯವಾದ ಗಳಿಗೆ ಇಲ್ಲ. ವಾರದಲ್ಲಿ 10 ಕೋಟಿ ಪೌಂಡ್ ಹೋಯಿತು ಎಂದು ಮ್ಯಾಕ್‌ಮಿಲನ್ ಹೇಳಿದ್ದಾಗಿ ವಿದೇಶಾಂಗ ಮಂತ್ರಿ ಸೆಲ್ವಿನ್ ಲಾಯ್ಡ್ ಮುಂದೆ ಬರೆದರು. ಖಜಾನೆಯ ದಾಖಲೆ ತೆಗೆದು ನೋಡಿದ ಇತಿಹಾಸಕಾರರಿಗೆ ಸಿಕ್ಕದ್ದು ಸುಮಾರು 3 ಕೋಟಿ ಪೌಂಡ್. ಡಾಲರನ್ನು ಪೌಂಡ್ ಎಂದು ಓದಿದರೋ, ಗಾಬರಿಯೋ, ಈಡನ್ನರನ್ನು ನಿಲ್ಲಿಸಲು ಬೇಕೆಂದೇ ಉಬ್ಬಿಸಿದರೋ, ಇನ್ನೂ ವಾದ ನಡೆದಿದೆ. ಒಂದು ಲೆಕ್ಕ ನೀನೇ ಹಾಕಿ ನೋಡು: ಇಡೀ ನವೆಂಬರ್ ತಿಂಗಳಲ್ಲಿ ಹೋದದ್ದು 27.9 ಕೋಟಿ ಡಾಲರ್, ಅದನ್ನು 2.80ರಿಂದ ಭಾಗಿಸಿದರೆ ಹೆಚ್ಚುಕಮ್ಮಿ 10 ಕೋಟಿ ಪೌಂಡ್. ಅಂದರೆ ತಿಂಗಳ ಕೊನೆಗೆ ನಿಜವಾದ ಅಂಕಿ ಮೊದಲ ವಾರದಲ್ಲೇ ಬಾಯಿಂದ ಬಂದಿತ್ತು. ಅಂದು ನಡುರಾತ್ರಿಗೆ ಕದನವಿರಾಮ.

ಆದ್ದರಿಂದ ನಿನ್ನ ಪ್ರತಿ ಅಂಕಿಯ ಪಕ್ಕ ನಾಲ್ಕು ಗುರುತು ಇರಲಿ: ಯಾವ ನಾಣ್ಯ, ಯಾವ ದಿನ ಎಷ್ಟು ಗಂಟೆಗೆ ಮುಗಿದ ಲೆಕ್ಕ, ಎಷ್ಟು ದಿನಗಳ ಮೊತ್ತ, ಯಾರು ಕೊಟ್ಟದ್ದು. ಮಿಲಿಯನ್ ಮತ್ತು ಕೋಟಿ ಒಂದೇ ಹಾಳೆಯಲ್ಲಿ ಬೆರೆಸಬೇಡ. ಮಂತ್ರಿ ಸಭೆಗೆ ಹೊರಡುವಾಗ ಕೈಗೆ ಕೊಡುವ ಚೀಟಿಯಲ್ಲಿ ಒಂದೇ ಅಂಕಿ ಇರಲಿ, ದೊಡ್ಡಕ್ಷರದಲ್ಲಿ, ನಾಣ್ಯದ ಹೆಸರನ್ನು ಅಕ್ಷರದಲ್ಲೇ ಬರೆದು.

ಕದನವಿರಾಮ ಆದರೆ ಸಾಲ ಬರುತ್ತದೆ ಎಂದುಕೊಂಡವರಿಗೆ ಇನ್ನೊಂದು ಪೆಟ್ಟು ಕಾದಿತ್ತು. ಅಮೆರಿಕದ ಖಜಾನೆ ಕಾರ್ಯದರ್ಶಿ ಜಾರ್ಜ್ ಹಂಫ್ರಿ ಕದಲಲಿಲ್ಲ, ಸೈನ್ಯ ವಾಪಸ್ ಹೋಗುವ ಮಾತು ಬರುವ ತನಕ ಐಎಂಎಫ್ ಕೂಡ ಇಲ್ಲ. ಹಿಂದೆಗೆತದ ಘೋಷಣೆ ಡಿಸೆಂಬರ್ 3ಕ್ಕೆ ಆಯಿತು. ಮರುದಿನ ಮ್ಯಾಕ್‌ಮಿಲನ್ ಪಾರ್ಲಿಮೆಂಟಿನಲ್ಲಿ ಮೀಸಲು 196.5 ಕೋಟಿಗೆ ಇಳಿದಿದೆ ಎಂದು ಒಪ್ಪಿಕೊಳ್ಳಬೇಕಾಯಿತು. ಲಕ್ಷ್ಮಣರೇಖೆ ದಾಟಿತ್ತು, ವರ್ಷದ ಕೊನೆಗೆ ಅಮೆರಿಕ, ಕೆನಡಾಗಳ ಹಳೆಯ ಸಾಲದ ಕಂತೂ ಬಾಗಿಲಲ್ಲಿತ್ತು. ಡಿಸೆಂಬರ್ 10ಕ್ಕೆ ಐಎಂಎಫ್ 56.15 ಕೋಟಿ ಡಾಲರ್ ತಕ್ಷಣ, 73.85 ಕೋಟಿ ಸ್ಟ್ಯಾಂಡ್‌ಬೈ ಕೊಟ್ಟಿತು, ಅಮೆರಿಕದ ಸರ್ಕಾರಿ ರಫ್ತು-ಆಮದು ಬ್ಯಾಂಕ್ ಎಕ್ಸಿಂನ 50 ಕೋಟಿ ಬೇರೆ. ಸೆಪ್ಟೆಂಬರಿನಲ್ಲಿ ಬರೀ ಅರ್ಜಿ ಸಾಕಿದ್ದ ಹಣಕ್ಕೆ ಈಗ ವಿದೇಶಾಂಗ ನೀತಿಯನ್ನೇ ಅಡವಿಟ್ಟರು. ಜನವರಿಯಲ್ಲಿ ಈಡನ್ ಹೋದರು, ಪ್ರಧಾನಿಯಾದವರು ಮ್ಯಾಕ್‌ಮಿಲನ್. ಈ ಕೊನೆಯ ವಾಕ್ಯವನ್ನು ಆಫೀಸಿನಲ್ಲಿ ಜೋರಾಗಿ ಹೇಳಬೇಡ.

ನಮ್ಮ ಕಡೆ ನೋಡಬೇಕೆಂದರೆ 1990. ಆಗಸ್ಟ್ 2ಕ್ಕೆ ಇರಾಕ್ ಕುವೈತ್‌ಗೆ ನುಗ್ಗಿದಾಗ ಎಣ್ಣೆ ದರ ಏರಿತು, ಮಂಗಳೂರು, ಉಡುಪಿ ಕಡೆಯ ಎಷ್ಟೋ ಮನೆಗಳಿಗೆ ಅಲ್ಲಿಂದ ಬರುತ್ತಿದ್ದ ಹಣ ನಿಂತಿತು. ಆ ವರ್ಷ ಐಎಂಎಫ್ ಮೆಟ್ಟಿಲು ಹತ್ತಿದ್ದೂ ಆಯಿತು, 1991ರ ಮೇನಲ್ಲಿ 20 ಟನ್ ಚಿನ್ನ, ಜುಲೈನಲ್ಲಿ 47 ಟನ್ ಹೊರಗೆ ಹೋದದ್ದೂ ಆಯಿತು. ನಾವು ಯಾರ ಮೇಲೂ ದಂಡೆತ್ತಿ ಹೋಗಿರಲಿಲ್ಲ, ಆದರೂ ಪೆಟ್ಟು ಬಿತ್ತು. ಹಾಗಾಗಿ ಹಾಳೆ ಸಿದ್ಧವಾಗಿರಬೇಕಾದದ್ದು ನಮ್ಮ ಸರ್ಕಾರ ಏನಾದರೂ ಮಾಡಲು ಹೊರಟಾಗ ಮಾತ್ರವಲ್ಲ.

ಈಗಿನ ಕೆಲಸದ ಮಾತು. ರಿಸರ್ವ್ ಬ್ಯಾಂಕ್ ಪ್ರತಿ ಶುಕ್ರವಾರ ಮೀಸಲಿನ ಅಂಕಿ ಬಿಡುತ್ತದೆ, ಅದು ಹಿಂದಿನ ವಾರದ್ದು. ಬಿಕ್ಕಟ್ಟಿನಲ್ಲಿ ಏಳು ದಿನ ಅಂದರೆ ಒಂದು ಯುಗ, ದಿನದ ಅಂಕಿ ಯಾರಿಂದ ಬರುತ್ತದೆ ಎಂದು ಮೊದಲೇ ಗೊತ್ತು ಮಾಡಿಕೊ. ಒಟ್ಟು ಮೊತ್ತ ನೋಡಿ ಮೋಸ ಹೋಗಬೇಡ. ವಿದೇಶಿ ಕರೆನ್ಸಿ, ಚಿನ್ನ, ಎಸ್‌ಡಿಆರ್ (ಐಎಂಎಫ್ ಸದಸ್ಯ ದೇಶಗಳಿಗೆ ಹಂಚುವ ಮೀಸಲು ಆಸ್ತಿ), ಐಎಂಎಫ್‌ನಲ್ಲಿರುವ ಪಾಲು ನಾಲ್ಕನ್ನೂ ಬಿಡಿಸು. ಮುಂಗಡ ಮಾರಾಟದಲ್ಲಿ ಕೊಡಬೇಕಾದ ಡಾಲರನ್ನು ಕಳೆ. ಒಂದು ವರ್ಷದೊಳಗೆ ತೀರಬೇಕಾದ ಹೊರಸಾಲವನ್ನು ಪಕ್ಕದಲ್ಲಿ ಬರೆ. ಚಿನ್ನ ಎಲ್ಲಿದೆ, ನಮ್ಮ ನೆಲದಲ್ಲೋ ಹೊರಗೋ ಎಂಬುದನ್ನೂ ಬರೆ, ಅಡವಿಡುವ ಹೊತ್ತಿಗೆ ಅದು ಮುಖ್ಯವಾಗುತ್ತದೆ. ಅಡ್ಡಸಾಲಿನಲ್ಲಿ 1, 4, 8, 12ನೇ ವಾರ. ಪ್ರತಿ ವಾರಕ್ಕೆ ಮೂರು ಊಹೆ: ಮಾಮೂಲು, ಪಾವತಿ ಒಂದು ವಾರ ಜರುಗಿದರೆ, ಎಣ್ಣೆ ದಾರಿ ಮುಚ್ಚಿದರೆ. ಕೆಳಗೆ ಕಂತುಗಳ ತಾರೀಖು, ಅಂಕಿ ಪ್ರಕಟವಾಗುವ ತಾರೀಖು, ಸಾಲ ಕೊಡಬಲ್ಲವರ ಹೆಸರು, ಅವರಲ್ಲಿ ಯಾರ ಒಂದು "ಇಲ್ಲ"ದಿಂದ ಎಲ್ಲವೂ ನಿಲ್ಲುತ್ತದೆ ಎಂಬುದು. ಸೈನ್ಯದ ಯೋಜನೆ ನಿನಗೆ ಯಾರೂ ಹೇಳುವುದಿಲ್ಲ. ದಾಳಿಗೆ ಮುನ್ನ ಫ್ರಾನ್ಸಿನ ಸೆವ್ರ್‌ನಲ್ಲಿ ಬ್ರಿಟನ್, ಫ್ರಾನ್ಸ್, ಇಸ್ರೇಲ್ ನಡುವೆ ನಡೆದ ಗುಟ್ಟಿನ ಒಪ್ಪಂದವೂ ಲಂಡನ್ನಿನಲ್ಲಿ ಬೆರಳೆಣಿಕೆಯವರಿಗಷ್ಟೇ ಗೊತ್ತಿತ್ತು. ಹಾಗಾಗಿ ಯಾವ ದಿನ ಶುರುವಾದರೂ ತಾರೀಖು ತುಂಬಿದರೆ ಸಾಕು ಎನ್ನುವಂತೆ ನಮೂನೆ ಮಾಡಿಟ್ಟುಕೊ.

ಮುಂದಿನ ವಾರ ಆ ನಮೂನೆಯನ್ನು ನನಗೆ ಕಳಿಸು, ಅಂಕಿ ಒಂದೂ ಬೇಡ, ಖಾಲಿ ಹಾಳೆ ಸಾಕು. ಕಾಲಂಗಳ ತಲೆಬರಹ ನೋಡಿ ಎಲ್ಲಿ ಎಡವುತ್ತೀಯ ಎಂದು ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ದೆಹಲಿ ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು.

ಇತಿ,
ನಿನ್ನ ಸೋದರಮಾವ