ಗೆಳೆಯನಿಗೊಂದು ಪತ್ರ: ಮಗಳ ಹೆಸರು ಬರೆಯುವ ಮುಂಚೆ

ಬಳ್ಳಾರಿ, ಸೋಮವಾರ ರಾತ್ರಿ

ಪ್ರೀತಿಯ ದೋಸ್ತ,

ಮೊನ್ನೆ ಫೋನಿನಲ್ಲಿ ಎಷ್ಟು ಖುಷಿಯಾಗಿದ್ದೆ ನೀನು! ಗಂಗಾವತಿಯ ರೈಸ್ ಮಿಲ್ಲನ್ನು ತಮ್ಮನಿಗೆ ಒಪ್ಪಿಸಿ, ನ್ಯೂಜಿಲೆಂಡಿನಲ್ಲಿ ಒಂದು ವ್ಯಾಪಾರ ಕೊಂಡು, ನಾಲ್ಕೂ ಜನ ಅಲ್ಲಿಗೆ ಹೋಗುವ ಮಾತು. "ಮಕ್ಕಳಿಬ್ಬರನ್ನೂ ಡಿಪೆಂಡೆಂಟ್, ಅಂದರೆ ನಮ್ಮನ್ನೇ ನಂಬಿದವರು ಅಂತ ನಮ್ಮ ಅರ್ಜಿಯಲ್ಲೇ ಹಾಕಿಬಿಟ್ಟರೆ ಮುಗೀತು" ಅಂದೆ. ನಾನು ಹೂಂ ಅಂದು ಸುಮ್ಮನಾದೆ. ಆವತ್ತಿನಿಂದ ನಿದ್ದೆ ಸರಿಯಾಗಿ ಬಂದಿಲ್ಲ. ನಿನ್ನ ಹೆಸರು ಹಾಕದೆ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಮ್ಮ ಕಡೆ ಇದೇ ಯೋಚನೆಯಲ್ಲಿರುವ ಅಪ್ಪಂದಿರು ಇನ್ನೂ ಇದ್ದಾರೆ.

ನನ್ನ ಮಗನ ವಿಷಯ ನಿನಗೆ ಅರ್ಧ ಮಾತ್ರ ಗೊತ್ತು. 2018ರಲ್ಲಿ ನಾನು ಆಸ್ಟ್ರೇಲಿಯಾದ 188 ವೀಸಾಕ್ಕೆ, ಅಂದರೆ ವ್ಯಾಪಾರ ಮಾಡುವವರಿಗೆ, ಹಣ ಹೂಡುವವರಿಗೆ ಇದ್ದ ವೀಸಾಕ್ಕೆ ಓಡಾಡಿದ್ದೆ. ಅಲ್ಲಿ 18 ದಾಟಿದ ಮಕ್ಕಳನ್ನು ಸೇರಿಸಬೇಕಾದರೆ 23 ತುಂಬಿರಬಾರದು. ಮದುವೆ, ನಿಶ್ಚಿತಾರ್ಥ ಆಗಿರಬಾರದು. ಊಟ, ಬಟ್ಟೆ, ಮನೆ ಎಲ್ಲಕ್ಕೂ ಅಪ್ಪ ಅಮ್ಮನ ಹಣವೇ ಆಧಾರ ಅಂತ ತೋರಿಸಬೇಕು. ಮಗನಿಗೆ ಆಗ 22. ಬಿಇ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ನಮ್ಮ ಏಜೆಂಟ್ "ಕೆಲಸ ಬಿಡಿಸಿ ಮನೆಯಲ್ಲಿ ಇಟ್ಟುಕೊಳ್ಳಿ, ಎಲ್ಲ ಸರಿಹೋಗುತ್ತೆ" ಅಂದ. ನಾನು ಬಿಡಿಸಿದೆ.

ನಂತರ ಏನಾಯ್ತು ಅಂದರೆ, ದೊಡ್ಡವರಾದ ಮಕ್ಕಳಿಗೆ ಫಾರಂ 47ಎ ಅಂತ ಬೇರೆಯದೇ ಕಾಗದ. ಅದರ ಜೊತೆ ಫಾರಂ 80. ಯಾವಾಗ ಎಲ್ಲಿ ಓದಿದೆ, ಎಲ್ಲಿ ದುಡಿದೆ ಅಂತ ಎಲ್ಲ ಬರೆಯಬೇಕು. ಮಗ ಆರು ತಿಂಗಳ ಕೆಲಸವನ್ನು ಇದ್ದದ್ದು ಇದ್ದ ಹಾಗೆ ಬರೆದ. ಸುಳ್ಳು ಬರೆ ಅನ್ನಲು ನನಗೂ ಬಾಯಿ ಬರಲಿಲ್ಲ. ಆಮೇಲೆ ಅಧಿಕಾರಿಯಿಂದ ಪ್ರಶ್ನೆ ಬಂತು: ಇವನು ನಿಮ್ಮ ಹಣದಲ್ಲೇ ಬದುಕುತ್ತಿದ್ದಾನೆ ಅನ್ನುವುದಕ್ಕೆ ಪುರಾವೆ ಏನು?

ಎಲ್ಲಿಂದ ತರಲಿ, ಹೇಳು. ನಮ್ಮ ಮನೆಗಳಲ್ಲಿ ಗಲ್ಲಾದಿಂದ ಕೈಗೆ ಸಿಕ್ಕಷ್ಟು ತೆಗೆದು ಕೊಡುತ್ತೇವೆ. ಪೆಟ್ರೋಲಿಗೆ ಐನೂರು, ಹಬ್ಬದ ಬಟ್ಟೆಗೆ ಎರಡು ಸಾವಿರ. ಬ್ಯಾಂಕಿನಲ್ಲಿ ಒಂದು ಗೆರೆಯೂ ಇಲ್ಲ. ಇದ್ದ ಗೆರೆಗಳೆಲ್ಲ ಅವನ ಸಂಬಳದ್ದೇ. ರೇಷನ್ ಕಾರ್ಡಿನಲ್ಲಿ ಹೆಸರಿದೆ ಅಂತ ಕೊಟ್ಟೆ. ಅದು ಸಾಲಲಿಲ್ಲ. ಕೊನೆಗೆ ಅವನ ಹೆಸರು ಬಿಡಬೇಕಾಯ್ತು. ಅವನಿಲ್ಲದೆ ನಾನು ಬರುವುದಿಲ್ಲ ಅಂದಳು ನನ್ನ ಹೆಂಡತಿ. ಅರ್ಜಿ ವಾಪಸ್ ತೆಗೆದೆ. ಕಟ್ಟಿದ ಫೀಸು ಹೋಯ್ತು.

ಫೀಸಿನ ಮಾತು ಬಿಡು. ಆ ಕಾಯುವ ಕಾಲದಲ್ಲಿ ಮಗ ನನ್ನ ಜೀನ್ಸ್ ಘಟಕದಲ್ಲೇ ಕೂರುತ್ತಿದ್ದ. ಒಂದು ಮಧ್ಯಾಹ್ನ, ಏಪ್ರಿಲ್ ತಿಂಗಳ ಬಿಸಿಲು, ಕಟಿಂಗ್ ಟೇಬಲ್ಲಿನ ತುದಿಯಲ್ಲಿ ಕೂತು ಝಿಪ್ ಎಣಿಸಿ ನೂರು ನೂರರ ಕಟ್ಟು ಕಟ್ಟುತ್ತಿದ್ದ. ತಲೆ ಎತ್ತದೆ ಕೇಳಿದ: "ಅಪ್ಪ, ಈಗ ಏನು ಮಾಡ್ತಾ ಇದ್ದೀಯ ಅಂತ ಗೆಳೆಯರು ಕೇಳಿದರೆ ಏನು ಹೇಳಲಿ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಅಂಥ ಕೆಲಸ ಸಿಗಲು ಅವನಿಗೆ ಎರಡು ವರ್ಷ ಹಿಡಿಯಿತು. ಆ 188 ವೀಸಾಕ್ಕೆ 2024ರ ಜುಲೈ 31ರಿಂದ ಹೊಸ ಅರ್ಜಿಯನ್ನೇ ತೆಗೆದುಕೊಳ್ಳುತ್ತಿಲ್ಲ.

ಈಗ ನಿನ್ನ ಮನೆಗೆ ಬರೋಣ. 2025ರ ನವೆಂಬರಿನಲ್ಲಿ ಶುರುವಾದ ನ್ಯೂಜಿಲೆಂಡಿನ ಆ ಬಿಸಿನೆಸ್ ವೀಸಾಕ್ಕೆ ಕಡಿಮೆ ಅಂದರೂ 10 ಲಕ್ಷ ನ್ಯೂಜಿಲೆಂಡ್ ಡಾಲರ್ ಹಾಕಬೇಕು, ನಮ್ಮ ಲೆಕ್ಕದಲ್ಲಿ 5 ಕೋಟಿ ಹತ್ತಿರ. ಅದನ್ನು ನೀನು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತೀಯ. ಮಕ್ಕಳ ವಿಷಯಕ್ಕೆ ಬಂದರೆ ಅಲ್ಲಿ 24ರ ತನಕ ಸೇರಿಸಬಹುದು. ಸಣ್ಣವನಿಗೆ 19, ಮದುವೆಯಾಗಿಲ್ಲ, ಅವನದು ಸಲೀಸು. 21 ದಾಟಿದವರಿಗೆ ಮಾತ್ರ ಅಪ್ಪ ಅಮ್ಮನ ಹಣದ ಮೇಲೇ ಇದ್ದಾರೆ ಅಂತ ತೋರಿಸಬೇಕು. ಮದುವೆಯಂತೂ ಆಗಿರಬಾರದು. ಕೆನಡಾದಲ್ಲಾದರೆ 22ರ ಒಳಗೆ, ಅಮೆರಿಕದ ಹೂಡಿಕೆ ವೀಸಾಕ್ಕೆ 21ರ ಒಳಗೆ. ಆ ಎರಡು ದೇಶ ನೋಡಿದರೂ ದೊಡ್ಡವಳಿಗೆ ದಾರಿ ಇಲ್ಲ.

ಮತ್ತೆ ದೊಡ್ಡವಳ ವಯಸ್ಸು! ಅವಳು ಹುಟ್ಟಿದ್ದು ದೀಪಾವಳಿ ಪಾಡ್ಯದ ದಿನ, ನಾನೇ ಪೇಡೆ ತಂದಿದ್ದೆ. ಆದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಕೊಂಡರು. ನಮ್ಮಲ್ಲಿ ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದೆ ಅಲ್ವಾ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲೂ ಪಾಸ್‌ಪೋರ್ಟಿನಲ್ಲೂ ಅದೇ ಇದೆ. ಅಂದರೆ ಬರುವ ಜೂನಿಗೆ ಅವಳಿಗೆ 25. ದೀಪಾವಳಿಯ ಲೆಕ್ಕ ಅಲ್ಲಿ ಯಾರೂ ಕೇಳುವುದಿಲ್ಲ.

ಅದಕ್ಕೇ ನೀನು ಅವಸರ ಮಾಡುತ್ತಿದ್ದೀಯ ಅಂತ ಗೊತ್ತು. ಸಿಂಧನೂರಿನ ಸಂಬಂಧ ಮುಂದಕ್ಕೆ ಹಾಕಿದ್ದೀಯಂತೆ. ಹೊಸಪೇಟೆಯ ಕೆಲಸ ಬಿಟ್ಟು ಬಾ ಅಂದಿದ್ದೀಯಂತೆ. ನಿನ್ನ ಹೆಂಡತಿ ನನ್ನ ಹೆಂಡತಿಗೆ ಹೇಳಿಕೊಂಡು ಅತ್ತಳು. ಅಲ್ಲೇ ನನ್ನ ಎದೆ ಧಸಕ್ಕೆಂದಿದ್ದು. ದುಡಿಯುವ ಹುಡುಗಿಯನ್ನು ದುಡಿಯದವಳ ಹಾಗೆ ಕೂರಿಸುವುದು ನನಗೆ ತಪ್ಪು ಅನಿಸುತ್ತದೆ. ಅವಳ ಸಂಬಳ ಬ್ಯಾಂಕಿನಲ್ಲಿ ಕಾಣುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ನಿಮ್ಮ ನಾಲ್ಕೂ ಜನರ ಅರ್ಜಿಗೇ ಪೆಟ್ಟು. ಹಾಗಂತ ಅವಳು ಬರುವುದಿಲ್ಲ ಅಂತ ಹೆಸರೇ ಹೇಳದೆ ಬಿಡಬೇಡ. ಜೊತೆಗೆ ಬರದ ಮಕ್ಕಳನ್ನೂ ಫಾರಂನಲ್ಲಿ ತೋರಿಸಬೇಕು.

ಅವಳನ್ನು ಒಂದು ಸಲ ಕೂರಿಸಿಕೊಂಡು ಕೇಳಿದ್ದೀಯಾ, ನಿನಗೆ ಬರಬೇಕು ಅನಿಸುತ್ತಾ ಅಂತ? ನಾನು ನನ್ನ ಮಗನನ್ನು ಕೇಳಲೇ ಇಲ್ಲ. ಅವಳಿಗೂ ಆಸೆ ಇದ್ದರೆ ಓದಲಿಕ್ಕೆ ಅಂತ ತನ್ನದೇ ಅರ್ಜಿ ಹಾಕಿ ಬರಲಿ. ಖರ್ಚಾಗುತ್ತದೆ, ಆದರೆ ಅವಳ ಕೆಲಸವೂ ಅವಳ ಮದುವೆಯೂ ನಿನ್ನ ಫೈಲಿನಲ್ಲಿ ಸಿಕ್ಕಿಹಾಕಿಕೊಳ್ಳುವುದಿಲ್ಲ.

ಸಣ್ಣವನ ಹಣವನ್ನು ಇವತ್ತಿನಿಂದಲೇ ಅವನ ಖಾತೆಗೆ ಹಾಕು. ಹಾಸ್ಟೆಲ್ ರಸೀದಿ, ಕಾಲೇಜು ಫೀಸಿನ ರಸೀದಿ ಒಂದೂ ಬಿಸಾಡಬೇಡ. ಕೆಲಸ ತಡವಾಗಿ ಅವನೂ 21 ದಾಟಿದರೆ ಬೇಕಾಗುತ್ತವೆ.

ಭಾನುವಾರ ಬಾ. ಏಜೆಂಟಿಗೆ ಮುಂಗಡ ಕೊಡುವುದನ್ನು ಅಲ್ಲಿತನಕ ತಡೆ. ಮಾರ್ಕ್ಸ್ ಕಾರ್ಡುಗಳನ್ನೂ ಪಾಸ್‌ಪೋರ್ಟುಗಳನ್ನೂ ತಾ. ಮಗಳನ್ನೂ ಕರೆದುಕೊಂಡು ಬಾ. ನನ್ನ ಮಗನೂ ಬೆಂಗಳೂರಿನಿಂದ ಬರುತ್ತಿದ್ದಾನೆ, ಅವಳ ಹತ್ತಿರ ತಾನೇ ಮಾತಾಡುತ್ತೇನೆ ಅಂದಿದ್ದಾನೆ.

ನಿನ್ನ,
ಬಳ್ಳಾರಿಯ ದೋಸ್ತ