ಧಾರೆಯ ಗಿಂಡಿಗೆ ಕೈ ಜೋಡಿಸಿದವರಿಗೆ

ಅಕ್ಕನ ಮಗಳ ಮದುವೆ ಮುಗಿದು ಇಂದಿಗೆ ಹನ್ನೆರಡು ದಿನ. ಅಂಗಳದಲ್ಲಿ ಚಪ್ಪರದ ಕಂಬ ಊರಿದ್ದ ಕುಳಿಗಳಲ್ಲಿ ಮಳೆನೀರು ನಿಂತಿದೆ. ಬಾಗಿಲ ತೋರಣದ ಮಾವಿನೆಲೆ ಸುರುಟಿ ಕಪ್ಪಾದರೂ ತೆಗೆಯಲು ಅಕ್ಕ ಬಿಡುತ್ತಿಲ್ಲ. ಒಬ್ಬೊಬ್ಬರ ಮನೆಗೂ ಹೋಗಿ ಹೇಳಬೇಕಾದ ಮಾತುಗಳಿವು. ಆದರೆ ಕೆಲವರ ಮನೆ ನನಗೆ ಗೊತ್ತಿಲ್ಲ, ಇನ್ನು ಕೆಲವರ ಹೆಸರು ಕೇಳುವಷ್ಟು ವ್ಯವಧಾನವೂ ಆ ದಿನಗಳಲ್ಲಿ ಇರಲಿಲ್ಲ. ಅವರಿಗೂ ತಲುಪಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಭಾವ ತೀರಿಕೊಂಡು ಎರಡು ವರ್ಷವಾಯಿತು. ತಾಯಿಯ ಕಡೆಯಿಂದ ವಂಶ ಎಣಿಸುವ ಅಳಿಯಸಂತಾನದ ಕಟ್ಟಿನಲ್ಲಿ ಬೆಳೆದ ನಮ್ಮ ಮನೆತನದಲ್ಲಿ ಹೆಣ್ಣುಮಗಳ ಮದುವೆಗೆ ಸೋದರಮಾವನೇ ಮುಂದೆ ನಿಲ್ಲಬೇಕು. ಹಾಗಾಗಿ ಹೊಣೆ ನನ್ನದಾಯಿತು. ಹುಡುಗ ಧಾರವಾಡದವನು. ಇಬ್ಬರಿಗೂ ಬೆಂಗಳೂರಿನಲ್ಲಿ ಕೆಲಸ. ಮದುವೆಯನ್ನು ಅಲ್ಲಿಯೇ ದೊಡ್ಡ ಹೋಟೆಲೊಂದರಲ್ಲಿ ಮಾಡೋಣವೇ ಎಂದು ನಾನು ಕೇಳಿದಾಗ ಹುಡುಗಿ ಒಪ್ಪಲಿಲ್ಲ. "ಮದುಮಗಳಾಗಿ ಜೆಪ್ಪುವಿನ ಮನೆಯಿಂದಲೇ ಹೊರಡಬೇಕು ಮಾವ. ಬಣ್ಣ ಬೇಕು, ಗದ್ದಲ ಬೇಡ" ಎಂದಳು.

ಮಂಗಳೂರಿನ ಜೆಪ್ಪುವಿನ ಆ ಮನೆ ನನ್ನ ಅಜ್ಜ ಕಟ್ಟಿಸಿದ್ದು. ಮುರಕಲ್ಲಿನ ಗೋಡೆ, ಕಾವಿ ನೆಲ, ಮುಂದೆ ಉದ್ದದ ಜಗಲಿ, ಮೇಲೆ ಹೆಂಚಿನ ಮಾಡು. 1865ರಲ್ಲಿ ಬಾಸೆಲ್ ಮಿಷನ್‌ನವರು ಊರಿನ ಮೊದಲ ಹೆಂಚಿನ ಕಾರ್ಖಾನೆ ತೆರೆದದ್ದು ಇದೇ ಜೆಪ್ಪುವಿನಲ್ಲಿ, ನೇತ್ರಾವತಿಯ ದಡದಲ್ಲಿ. ನಮ್ಮ ಮಾಡಿನ ಹೆಂಚುಗಳ ಬೆನ್ನಿನಲ್ಲಿಯೂ ಆ ಹೆಸರಿನ ಅಚ್ಚು ಇದೆ. ಹುಡುಗಿ ಬಯಸಿದ ಅಂದ ಆ ಮನೆಯಲ್ಲಿ ಆಗಲೇ ಇತ್ತು. ಅದನ್ನು ಮುಚ್ಚದ ಹಾಗೆ ಸಿಂಗರಿಸುವುದಷ್ಟೇ ಉಳಿದದ್ದು. ಮದರಂಗಿ ಮನೆಯಂಗಳದಲ್ಲಿ, ಮುಹೂರ್ತ ಕದ್ರಿಯ ಹತ್ತಿರದ ಸಭಾಭವನದಲ್ಲಿ ಎಂದು ನಿಶ್ಚಯಿಸಿದೆವು.

ಮದುವೆಗೆ ಆರು ದಿನ ಇರುವಾಗ ಅಲಂಕಾರದ ಗುತ್ತಿಗೆ ವಹಿಸಿಕೊಂಡವರು ಬರಲಾಗುವುದಿಲ್ಲ ಎಂದು ಮೊಬೈಲಿಗೆ ಎರಡು ಸಾಲು ಕಳುಹಿಸಿದರು. ಮುಂಗಡ ಹಿಂದಿರುಗಿತು. ಆದರೆ ಮೇ ತಿಂಗಳ ಎರಡನೇ ವಾರದಲ್ಲಿ ಮಂಗಳೂರಿನಲ್ಲಿ ಬಿಡುವಾಗಿರುವ ಇನ್ನೊಬ್ಬ ಅಲಂಕಾರದವರನ್ನು ಎಲ್ಲಿಂದ ತರುವುದು? ಆ ರಾತ್ರಿ ಜಗಲಿಯಲ್ಲಿ ಕುಳಿತಿದ್ದಾಗ ಪಕ್ಕದ ಮನೆಯ ಬಾಯಮ್ಮ ಬೇಲಿಯಾಚೆಯಿಂದ ವಿಷಯ ಕೇಳಿ ತಿಳಿದುಕೊಂಡು, "ಕೋಲಕ್ಕೆ ಸಿರಿ ಕೆತ್ತುವವರನ್ನು ಯಾಕೆ ಕೇಳಬಾರದು?" ಎಂದರು. ದೈವಾರಾಧನೆಯ ಕೋಲಕ್ಕೆ ಎಳೆಯ ತೆಂಗಿನ ಗರಿ ಸೀಳಿ ಮಾಡುವ ಅಲಂಕಾರವೇ ಸಿರಿ. ಎಪ್ಪತ್ತು ದಾಟಿದ ಅವರು ಭಾನುವಾರದ ಪೂಜೆ ತಪ್ಪಿಸದ ಕ್ರೈಸ್ತ ಹೆಂಗಸು. ನಮ್ಮ ದೈವದ ಸಿರಿಸಿಂಗಾರದ ಚಂದ ನಮಗಿಂತ ಮೊದಲು ಹೊಳೆದದ್ದು ಅವರಿಗೆ. ಬಾಯಮ್ಮ, ಆ ಒಂದು ಮಾತಿಗೆ ನಿಮಗೆ ನಮಸ್ಕಾರ.

ವರ್ಷದ ಕೋಲಗಳಿಗೆ ತೆರೆ ಬೀಳುವ ಪತ್ತನಾಜೆಗೆ ಇನ್ನೂ ಎರಡು ವಾರವಿತ್ತು. ದೈವಗಳು ಗುಡಿಯೊಳಗಾಗುವ ಮೊದಲಿನ ಆ ದಿನಗಳಲ್ಲಿ ಕೋಲ ಇಲ್ಲದ ರಾತ್ರಿಯೇ ಇಲ್ಲ. ಎಳೆಯ ತೆಂಗಿನ ಗರಿ ಸೀಳುವ ಕೈಗಳಿಗೆ ಉಸಿರಾಡಲೂ ಸಮಯವಿರುವುದಿಲ್ಲ. ಸಿರಿ ಕೆತ್ತುವ ಬಂಟ್ವಾಳದ ಕಡೆಯ ಅಣ್ಣನೊಬ್ಬರು ಹಾಗಿದ್ದರೂ ಬಂದರು. ರಾತ್ರಿಯಿಡೀ ಕೋಲ ಮುಗಿಸಿ, ಬೆಳಗಿನ ಬಸ್ಸಿನಲ್ಲಿ ಮಗನನ್ನೂ ಕರೆದುಕೊಂಡು ಬಂದು, ಒಂದು ಲೋಟ ಚಹಾ ಕುಡಿದು ಜಗಲಿಯಲ್ಲಿ ಕತ್ತಿ ಹಿಡಿದು ಕುಳಿತರು. ದೈವದ ಬೆನ್ನಿಗೆ ಕಟ್ಟುವ ಅಣಿಗೆ ಮಾಡುವ ವಿನ್ಯಾಸವನ್ನು ಮದುವೆಗೆ ಮಾಡುವುದಿಲ್ಲ ಎಂದು ಮೊದಲೇ ಹೇಳಿದರು. ನಮಗೂ ಅದೇ ಸರಿ ಎನಿಸಿತು. ಗಿಳಿ, ಮೀನು, ಸುರುಳಿ, ಜಾಲರಿ ಹೀಗೆ ಒಂದೊಂದಾಗಿ ಅವರ ಬೆರಳಿನಿಂದ ಇಳಿಯುತ್ತಿದ್ದರೆ ಓಣಿಯ ಮಕ್ಕಳು ಊಟ ಮರೆತು ನೋಡುತ್ತಿದ್ದರು. ಗರಿಯ ತಿಳಿಹಳದಿ, ಕೇಪುಳದ ಕೆಂಪು, ನಡುನಡುವೆ ಗೊಂಡೆ ಹೂ, ಕಂಬಗಳಿಗೆ ಗೊಂಚಲು ಗೊಂಚಲಾಗಿ ಅಡಿಕೆಯ ಹಿಂಗಾರ. ಬಟ್ಟೆಯ ಪರದೆ ಒಂದೂ ಇರಲಿಲ್ಲ. ಕೆಂಪು ಮಾಡಿನ ಕೆಳಗೆ ಅದು ಹೇಗೆ ಕಾಣುತ್ತಿತ್ತು ಎಂಬುದಕ್ಕೆ ನನ್ನಲ್ಲಿ ಮಾತಿಲ್ಲ. ಹುಡುಗಿ ಅಂಗಳದ ನಡುವೆ ನಿಂತು ಒಮ್ಮೆ ಸುತ್ತ ನೋಡಿ, ನೇರವಾಗಿ ಹೋಗಿ ಆ ಅಣ್ಣನ ಕಾಲು ಮುಟ್ಟಿದಳು.

ಮಲ್ಲಿಗೆಯದು ಬೇರೆಯೇ ಕತೆ. ನಮಗೆ ಬೇಕಾದದ್ದು ಉಡುಪಿ ಬಳಿಯ ಶಂಕರಪುರದ ಮಲ್ಲಿಗೆ, ಹದಿನೆಂಟು ಅಟ್ಟೆ. ಚೆಂಡಿಗೆ 800 ಹೂವಿನಂತೆ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಹದಿನೆಂಟು ಅಟ್ಟೆ ಎಂದರೆ 57,600 ಹೂವು. ಅಷ್ಟನ್ನೂ ನಸುಕಿನಲ್ಲಿ ಮೊಗ್ಗಾಗಿರುವಾಗಲೇ ಕೊಯ್ದು, ಬಾಳೆನಾರಿನಲ್ಲಿ ಒಂದೊಂದಾಗಿ ಕಟ್ಟಬೇಕು. ಮದುವೆಯ ಕಾಲದಲ್ಲಿ ಅಟ್ಟೆಯ ದರ ಸಾವಿರ ರೂಪಾಯಿ ದಾಟುವುದು ಕರಾವಳಿಯವರಿಗೆಲ್ಲ ಗೊತ್ತು. ಅದು ಹೆಚ್ಚಾಯಿತೆಂದು ನಾನು ಯಾವತ್ತೂ ಹೇಳಲಾರೆ, ಏಕೆಂದರೆ ನನ್ನ ಅಕ್ಕ ಹೂ ಕಟ್ಟುವುದನ್ನು ನೋಡುತ್ತ ಬೆಳೆದವನು ನಾನು. ಅಕಾಲದ ಮಳೆಗೆ ಇಳುವರಿ ಕುಸಿದಿದ್ದರೂ ಶಂಕರಪುರದ ಆ ತಾಯಿ ತಮ್ಮ ತೋಟದ ಹೂ ಸಾಲದೆ, ನೆರೆಯ ಐದು ಮನೆಗಳಿಂದ ಹೊಂದಿಸಿ, ಹೇಳಿದ ಲೆಕ್ಕಕ್ಕೆ ಒಂದು ಚೆಂಡೂ ಕಡಿಮೆಯಾಗದಂತೆ ಕಟಪಾಡಿಯಲ್ಲಿ ಬಸ್ಸಿಗೆ ಹಾಕಿಸಿದರು. ಆ ಬಸ್ಸಿನ ಕಂಡಕ್ಟರ್ ಹೂವಿನ ಬುಟ್ಟಿಗಳನ್ನು ಎಂಜಿನ್ನಿನ ಬಿಸಿಗೆ ದೂರವಾಗಿ ಹಿಂದಿನ ಸೀಟಿನ ಬಳಿ ಇಟ್ಟು, ಬಾಳೆಲೆ ಒಣಗಿದ ಹಾಗೆಲ್ಲ ನೀರು ಚಿಮುಕಿಸಿ, ಕೊಟ್ಟಾರ ಚೌಕಿ ದಾಟುವಾಗ ನನಗೆ ಫೋನ್ ಮಾಡಿದರು. ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ನಾನು ಕೊಡಲು ಹೋದ ಹಣಕ್ಕೆ ಕೈ ಒಡ್ಡಲಿಲ್ಲ. "ಮದುವೆಯ ಹೂವಲ್ಲವೇ ಅಣ್ಣ" ಎಂದು ಹೇಳಿ ಮುಂದಿನ ಟ್ರಿಪ್ಪಿಗೆ ಹತ್ತಿಬಿಟ್ಟರು. ಅವರ ಹೆಸರು ಕೇಳದೆ ಬಿಟ್ಟದ್ದು ನನಗೆ ಇನ್ನೂ ಚುಚ್ಚುತ್ತಿದೆ.

ಮದರಂಗಿಯ ಸಂಜೆ ಆರೂವರೆಗೆ ಮಳೆ ಸುರಿಯಿತು, ಕರೆಂಟ್ ಹೋಯಿತು. ಹೆಂಚು ಒಂದು ಹನಿಯನ್ನೂ ಒಳಗೆ ಬಿಡಲಿಲ್ಲ. ಚಪ್ಪರದಲ್ಲಿದ್ದವರೆಲ್ಲ ಜಗಲಿಗೆ, ಒಳಗಿನ ಚಾವಡಿಗೆ ಬಂದು ಒತ್ತಿಕೊಂಡು ಕುಳಿತರು. ನಮ್ಮ ಓಣಿಯ ಎಲೆಕ್ಟ್ರಿಷಿಯನ್ ಹುಡುಗ ನೆನೆಯುತ್ತಲೇ ಜನರೇಟರ್ ತಂದು ಜೋಡಿಸಿದ. ಅದು ಬರುವವರೆಗಿನ ಮುಕ್ಕಾಲು ಗಂಟೆ ಕಾಲುದೀಪಗಳ ಬೆಳಕಿನಲ್ಲಿಯೇ ಮದರಂಗಿ ಹಚ್ಚಿದರು. ಸ್ಯಾಕ್ಸೊಫೋನಿನವರು ಕತ್ತಲಿನಲ್ಲಿಯೇ ನುಡಿಸುತ್ತಿದ್ದರು. ಕದ್ರಿ ಗೋಪಾಲನಾಥರ ಈ ಸೀಮೆಯಲ್ಲಿ ಮದುವೆಗೆ ಸ್ಯಾಕ್ಸೊಫೋನ್ ಇರಲೇಬೇಕು. ಶಹನಾಯಿ ಕೇಳಿ ಬೆಳೆದ ಧಾರವಾಡದ ಹಿರಿಯರೊಬ್ಬರು ದಾಸರ ಪದವೊಂದನ್ನು ಕೇಳಿ ನುಡಿಸಿಕೊಂಡು, ತಾವೂ ದನಿಗೂಡಿಸಿದರು.

ಬೀಗರ ಬಗ್ಗೆ ಎಷ್ಟು ಹೇಳಿದರೂ ಕಡಿಮೆಯೇ. ಅರಬೈಲು ಘಟ್ಟ ಇಳಿದು ನಮ್ಮ ಸೆಕೆಗೆ ಬಂದವರು. ಕುಚ್ಚಲಕ್ಕಿ ಅನ್ನ, ಬೆಲ್ಲ ಬಿದ್ದ ಗುಳ್ಳಬದನೆಯ ಹುಳಿ, ತೆಂಗಿನೆಣ್ಣೆಯ ಒಗ್ಗರಣೆ ಎಲ್ಲವೂ ಅವರಿಗೆ ಹೊಸದು. ಅಡುಗೆಯ ಭಟ್ಟರು ಅದನ್ನು ಗಮನಿಸಿ, ಬೀಗರ ಕಡೆಯ ಇಬ್ಬರು ಹೆಂಗಸರನ್ನು ಅಡುಗೆಮನೆಗೇ ಕರೆದರು. ಅವರು ಜೋಳದ ರೊಟ್ಟಿ ಬಡಿಯಲು ಕುಳಿತರೆ ಭಟ್ಟರೇ ಅವರ ಎಣ್ಣೆಗಾಯಿಗೆ ಬದನೆ ಸೀಳಿಕೊಟ್ಟರು. ಒಂದೇ ಪಂಕ್ತಿಯಲ್ಲಿ ಕೊಟ್ಟೆ ಕಡುಬು, ಶೇಂಗಾ ಚಟ್ನಿ, ಹಯಗ್ರೀವ ಬಡಿಸುವುದನ್ನು ನಾನು ಮೊದಲ ಬಾರಿಗೆ ನೋಡಿದೆ.

ಇನ್ನು ಹೇಳಬೇಕಾದದ್ದು ಅಕ್ಕನ ವಿಷಯ.

ಭಾವ ಹೋದ ದಿನದಿಂದ ಅಕ್ಕ ಬೂದು, ಕಂದು ಬಿಟ್ಟು ಬೇರೆ ಬಣ್ಣ ಉಟ್ಟಿರಲಿಲ್ಲ. ಮನೆಗೆ ಮಲ್ಲಿಗೆ ಬಂದರೆ ದೇವರಿಗೆ ಇಟ್ಟು, ಮಗಳ ತಲೆಗೆ ಮುಡಿಸಿ, ಖಾಲಿ ಬಾಳೆಲೆ ಮಡಚಿ ಒಳಗೆ ಹೋಗುತ್ತಿದ್ದಳು. ಮುಹೂರ್ತದ ಹಿಂದಿನ ರಾತ್ರಿ ಧಾರೆ ಎರೆಯುವವರು ಯಾರು ಎಂಬ ಮಾತು ಬಂತು. ನಾನೂ ನನ್ನ ಹೆಂಡತಿಯೂ ಎರೆಯುವುದು, ಅಕ್ಕ ಹಿಂದೆ ಕುಳಿತಿರುವುದು ಎಂದು ಹಿರಿಯರೊಬ್ಬರು ಹೇಳಿದರು. ಅಕ್ಕ ತಲೆಯಾಡಿಸಿದಳು. ನಾನು ಸುಮ್ಮನಿದ್ದೆ. ಹಾಗೆ ಸುಮ್ಮನಿದ್ದದ್ದಕ್ಕೆ ಆಮೇಲೆ ಅವಳ ಕ್ಷಮೆ ಕೇಳಿದ್ದೇನೆ.

ಮಾತನಾಡಿದ್ದು ಎಂಬತ್ತನಾಲ್ಕು ವರ್ಷದ ನಮ್ಮ ಚಿಕ್ಕಮ್ಮ. "ಕುದ್ರೋಳಿಯಲ್ಲಿ ದೇವರ ಪೂಜೆಗೇ ಗಂಡ ತೀರಿದ ಹೆಂಗಸರನ್ನು ನಿಲ್ಲಿಸಿದರು. ದೇವರಿಗೆ ಆಗುವ ಕೈ ಮಗಳಿಗೆ ಆಗುವುದಿಲ್ಲವೇ?" ಎಂದು ಕೇಳಿದರು. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಆ ಗೋಕರ್ಣನಾಥ ಕ್ಷೇತ್ರದಲ್ಲಿ 2013ರಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿ ನೇಮಿಸಿದ್ದರು. ಚಿಕ್ಕಮ್ಮ ಆ ವರ್ಷ ಹಟ ಹಿಡಿದು ಅಲ್ಲಿಗೆ ಹೋಗಿ ಅವರ ಕೈಯಿಂದಲೇ ಪ್ರಸಾದ ಪಡೆದಿದ್ದರು. ಅವರೂ ಮೂವತ್ತಾರಕ್ಕೇ ಗಂಡನನ್ನು ಕಳೆದುಕೊಂಡವರು. ತಮ್ಮ ಮಕ್ಕಳ ಧಾರೆಯ ಹೊತ್ತಿಗೆ ಅವರು ಎಲ್ಲಿ ಕುಳಿತಿದ್ದರು ಎಂದು ನಾವು ಯಾರೂ ಈವರೆಗೆ ಕೇಳಿರಲಿಲ್ಲ.

ಆಗ ಹುಡುಗನ ತಾಯಿ ಎದ್ದು ಒಳಗೆ ಹೋಗಿ ಒಂದು ಸೀರೆ ತಂದರು. ಮನೆಯ ಹೆಣ್ಣುಮಕ್ಕಳಿಗೆಲ್ಲ ಅವರು ಇಳಕಲ್ ಸೀರೆ ತಂದಿದ್ದರು. ಅಕ್ಕನ ಸೀರೆಯ ಸೆರಗೂ ಎಲ್ಲರದರ ಹಾಗೆ ಕೆಂಪು, ಒಡಲು ನವಿಲುಬಣ್ಣ. ಮೈತುಂಬ ಅವರೇ ಕೈಯಾರೆ ಹಾಕಿದ ಕಸೂತಿಯ ಗೋಪುರ, ತೇರು. ತಿಂಗಳುಗಟ್ಟಲೆ ಹಿಡಿಯುವ ಕೆಲಸವದು. ಎಂದರೆ ನಮ್ಮ ಮನೆಯಲ್ಲಿ ಈ ಮಾತು ಹುಟ್ಟುವ ಎಷ್ಟೋ ಮೊದಲೇ ಅವರು ಅಕ್ಕನನ್ನು ಆ ಬಣ್ಣದಲ್ಲಿ ಕಂಡಿದ್ದರು. "ನಾಳೆ ಇದನ್ನು ಉಟ್ಟುಕೊಂಡೇ ಧಾರೆ ಎರೆಯಿರಿ" ಎಂದು ಅಕ್ಕನ ಮಡಿಲಿಗೆ ಇಟ್ಟರು. ತಾಯಿ, ನಿಮ್ಮ ಋಣ ನಮ್ಮ ಮನೆಯ ಮೇಲೆ ಇರಲಿ. ಅದನ್ನು ತೀರಿಸಲು ನಾನು ಪ್ರಯತ್ನಿಸುವುದಿಲ್ಲ.

ಮರುದಿನ ಗಿಂಡಿಯ ಮೇಲೆ ಮೊದಲ ಕೈ ಅಕ್ಕನದು. ಅದರ ಮೇಲೆ ನನ್ನದು, ಆಮೇಲೆ ಚಿಕ್ಕಮ್ಮನದು, ಆಮೇಲೆ ಎಷ್ಟು ಕೈಗಳು ಸೇರಿದವೋ ಲೆಕ್ಕವಿಲ್ಲ. ಹಿಂದಿನ ರಾತ್ರಿ ಬೇಡವೆಂದಿದ್ದ ಹಿರಿಯರೂ ಬಂದು ಕೈ ಸೇರಿಸಿದರು. ಅವರಿಗೂ ನನ್ನ ನಮಸ್ಕಾರ. ನೀರು ಇಳಿಯುವಾಗ ಅಕ್ಕನ ಕೈ ನಡುಗಲಿಲ್ಲ, ನನ್ನದೇ ನಡುಗಿತು. ಅವಳ ಮುಡಿಯಲ್ಲಿ ಎರಡು ಮೊಳ ಮಲ್ಲಿಗೆ ಇತ್ತು. ಯಾರು ಮುಡಿಸಿದರೆಂದು ಕೇಳಿದರೆ ಅಕ್ಕ ಈಗಲೂ ಹೇಳುವುದಿಲ್ಲ.

ಕೊನೆಯದಾಗಿ ಒಂದು ವಿಷಯ. ನಮ್ಮ ಮನೆಯಲ್ಲಿ ಇನ್ನೂ ಎರಡು ದೊಡ್ಡ ಹರಿವಾಣ, ಒಂದು ತಾಮ್ರದ ಕೊಪ್ಪರಿಗೆ, ಏಳು ಮರದ ಮಣೆ, ನೀಲಿ ಅಂಚಿನ ಒಂದು ಚಾಪೆ ಉಳಿದಿವೆ. ಮಳೆಯ ಗಡಿಬಿಡಿಯಲ್ಲಿ ಯಾರ್‍ಯಾರೋ ತಂದುಕೊಟ್ಟವು. ತೊಳೆದು ಒರೆಸಿ ಚಾವಡಿಯಲ್ಲಿ ಇಟ್ಟಿದ್ದೇವೆ. ನಿಮ್ಮವಾದರೆ ದಯವಿಟ್ಟು ಸಂಜೆಯ ಹೊತ್ತು ಬನ್ನಿ. ಅಕ್ಕ ಮನೆಯಲ್ಲಿರುತ್ತಾಳೆ, ಕಾಫಿ ಕುಡಿಸದೆ ಕಳುಹಿಸುವುದಿಲ್ಲ.